ವಿಕಲಚೇತನರ ಚಾರಣ: ಡೋಲಿಯಿಂದ ಒಂಟಿಗಾಲಿ ಕುರ್ಚಿಯವರೆಗೆ

ಚಿಕ್ಕೇರೂರು: ಬಯಲುಸೀಮೆ ಮುಗಿದು ಮಲೆನಾಡು ಆರಂಭವಾಗುವ ಅಂಚಿನಲ್ಲಿ ಹಿರೇಕೆರೂರು ತಾಲೂಕು ಇದೆ. ಗಡಿ ದಾಟಿ ಶಿಕಾರಿಪುರ, ಹೊಸನಗರದ ದಾರಿ ಹಿಡಿದವರು ಕೊಡಚಾದ್ರಿಯ ಬುಡವನ್ನು ತಲುಪುತ್ತಾರೆ. ಪ್ರವಾಸದ ಬಸ್ಸು ಇಂತಹ ಬೆಟ್ಟದ ಬುಡದಲ್ಲಿ ನಿಂತಾಗ ನಡೆಯಲಾಗದವರು ಬಸ್ಸಿನಲ್ಲಿಯೇ ಉಳಿಯುವುದು ನಮ್ಮಲ್ಲಿ ವಾಡಿಕೆ. ಮೇಲೆ ಹೋದವರ ಬುತ್ತಿಗಂಟು, ಚಪ್ಪಲಿಗಳನ್ನು ಕಾಯುವ ಕೆಲಸ ಅವರ ಪಾಲಿಗೆ ಬರುತ್ತದೆ. ಬೆಟ್ಟ ಹತ್ತಬೇಕೆಂಬ ಆಸೆ ಅವರಿಗೂ ಇರಬಹುದೆಂದು ಕೇಳುವವರು ವಿರಳ.

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 13.24 ಲಕ್ಷ, ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ಆಗ ಜಾರಿಯಲ್ಲಿದ್ದ 1995ರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಗಳನ್ನು ಗುರುತಿಸಿದ್ದು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಈ ಕಾಯ್ದೆಯ 29ನೇ ಕಲಮು ಸಾಂಸ್ಕೃತಿಕ ಜೀವನ ಹಾಗೂ ಮನರಂಜನೆಗೆ ಸಂಬಂಧಿಸಿದ್ದು. ಸ್ಕೌಟ್, ನೃತ್ಯ, ಚಿತ್ರಕಲಾ ತರಗತಿಗಳೊಂದಿಗೆ ಹೊರಾಂಗಣ ಶಿಬಿರ ಮತ್ತು ಸಾಹಸ ಚಟುವಟಿಕೆಗಳಲ್ಲಿಯೂ ವಿಕಲಚೇತನರು ಪಾಲ್ಗೊಳ್ಳಲು ಸರ್ಕಾರ ಅನುವು ಮಾಡಿಕೊಡಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮೀಸಲಾತಿ, ಮಾಸಾಶನಗಳ ಕಲಮುಗಳಿಗೆ ದೊರೆತಷ್ಟು ಪ್ರಚಾರ ಈ ಸಾಲಿಗೆ ದೊರೆತಿಲ್ಲ.

ಹಳೆಯ ಉಪಾಯ

ನಡೆಯಲಾಗದವರನ್ನು ಬೆಟ್ಟಕ್ಕೆ ಕರೆದೊಯ್ಯುವುದು ಕರ್ನಾಟಕಕ್ಕೆ ಹೊಸ ಸಂಗತಿಯೇನಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿ ನೆಲಮಟ್ಟದಿಂದ ಸುಮಾರು 470 ಅಡಿ ಎತ್ತರವಿದ್ದು, 58 ಅಡಿಯ ಬಾಹುಬಲಿಯ ದರ್ಶನಕ್ಕೆ ಬಂಡೆಯಲ್ಲಿ ಕೊರೆದ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏರಬೇಕು. ವೃದ್ಧರು, ಕಾಲಿಲ್ಲದವರು ಇಲ್ಲಿ ಡೋಲಿಯನ್ನು ಆಶ್ರಯಿಸುತ್ತಾರೆ. ಗಳುಗಳಿಗೆ ಕಟ್ಟಿದ ಕುರ್ಚಿಯಲ್ಲಿ ಯಾತ್ರಿಕನನ್ನು ಕೂರಿಸಿ ನಾಲ್ವರು ಹೆಗಲು ಕೊಟ್ಟು ಹೊರುವುದು ಡೋಲಿಯ ಕ್ರಮ. ನಾಡಿನ ಯಾತ್ರಿಕರು ಶಬರಿಮಲೆಯಲ್ಲಿಯೂ ಇದನ್ನು ಕಂಡಿರುತ್ತಾರೆ.

ಡೋಲಿಗೆ ಎರಡು ಮಿತಿಗಳಿವೆ. ಮೊದಲನೆಯದು, ಹೊರುವವರ ಹೆಗಲು ಮತ್ತು ಮೊಣಕಾಲು. ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಭಾರ ಹೊತ್ತು ದಿನಕ್ಕೆ ಹಲವು ಬಾರಿ ಏರಿಳಿಯುವ ದುಡಿಮೆ ಅದು. ಎರಡನೆಯದು, ಕುಳಿತವನ ಸ್ಥಿತಿ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನೋಡಬೇಕು ಎಂಬುದು ಅವನ ಕೈಯಲ್ಲಿರುವುದಿಲ್ಲ. ಅವನನ್ನು ಒಯ್ದು ಇಳಿಸಲಾಗುತ್ತದೆ, ಅಷ್ಟೆ. ಹೊರೆಸಿಕೊಳ್ಳಲು ಸಂಕೋಚಪಟ್ಟು ಕೆಳಗೇ ಉಳಿಯುವವರೂ ಇದ್ದಾರೆ.

ಪಾದರಕ್ಷೆಯ ತೊಡಕು

ಯಾತ್ರಾಸ್ಥಳದ ಬೆಟ್ಟಗಳಲ್ಲಿ ಮತ್ತೊಂದು ತೊಡಕಿದೆ. ಅಲ್ಲಿ ಪಾದರಕ್ಷೆಯನ್ನು ಕೆಳಗೇ ಬಿಡಬೇಕು. ಹಳೆಯ ಮಾದರಿಯ ಕ್ಯಾಲಿಪರಿನ ಲೋಹದ ಪಟ್ಟಿಗಳು ಬೂಟಿಗೇ ಜೋಡಣೆಯಾಗಿರುತ್ತವೆ. ಬೂಟು ಕಳಚಿದರೆ ಕಾಲಿನ ಆಧಾರವೇ ಕಳಚಿದಂತೆ. ಪಾಶ್ಚಾತ್ಯ ಮಾದರಿಯ ಕೃತಕ ಪಾದವೂ ಬೂಟಿನೊಳಗೆ ಇಟ್ಟು ನಡೆಯಲೆಂದೇ ರೂಪಿಸಿದ್ದಾಗಿತ್ತು. ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಹಾಗೂ ಶಸ್ತ್ರಚಿಕಿತ್ಸಕ ಡಾ. ಪಿ.ಕೆ. ಸೇಥಿ 1968ರ ಸುಮಾರಿಗೆ ರಬ್ಬರಿನ ಪಾದವನ್ನು ರೂಪಿಸಿದ್ದು ಈ ಕೊರತೆಯನ್ನು ಕಂಡೇ. ಬರಿಗಾಲಲ್ಲಿ ನಡೆಯಲು, ಕುಕ್ಕರುಗಾಲಲ್ಲಿ ಕೂರಲು, ಗದ್ದೆಯ ಕೆಸರಿನಲ್ಲಿ ಇಳಿಯಲು ಬರುವ ಆ ಪಾದವೇ ಜೈಪುರ ಕಾಲು. ಏರುಪೇರಿನ ನೆಲಕ್ಕೆ ತಕ್ಕಂತೆ ಅದು ಬಾಗುವುದರಿಂದ ಗುಡ್ಡದ ಹಾದಿಗೂ ಸಲ್ಲುತ್ತದೆ. ಸೇಥಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಕೃತಕ ಕಾಲಿನವರಿಗೆ ಏರುವುದಕ್ಕಿಂತ ಇಳಿಯುವುದು ಕಠಿಣ. ಮಂಡಿಯ ಮೇಲೆ ಕಾಲು ಕಳೆದುಕೊಂಡವರಿಗಂತೂ ಪ್ರತಿ ಇಳಿಮೆಟ್ಟಿಲೂ ಒಂದು ಲೆಕ್ಕಾಚಾರ. ಬೆವರಿನಿಂದ ಕಾಲಿನ ತೊಟ್ಟಿ ಸಡಿಲಗೊಂಡು ಚರ್ಮ ಉಜ್ಜಿ ಹೋಗುತ್ತದೆ. ಆದ್ದರಿಂದ ಗಂಟೆಗೊಮ್ಮೆ ಕಾಲು ಬಿಚ್ಚಿ, ಒರೆಸಿ, ಒಣ ಕಾಲುಚೀಲ ಬದಲಿಸುವಷ್ಟು ಬಿಡುವನ್ನು ಮಾರ್ಗದರ್ಶಿ ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು.

ಒಂದೇ ಗಾಲಿಯ ಕುರ್ಚಿ

ನಾಲ್ಕು ಗಾಲಿಯ ಸಾಮಾನ್ಯ ಗಾಲಿಕುರ್ಚಿ ಕಾಲುದಾರಿಯಲ್ಲಿ ಕೆಲಸಕ್ಕೆ ಬಾರದು. ಎರಡು ಗಾಲಿಗಳ ನಡುವಿನ ಅಗಲವೇ ಅದಕ್ಕೆ ಶತ್ರು. ಫ್ರಾನ್ಸಿನ ಪರ್ವತ ಮಾರ್ಗದರ್ಶಿ ಜೋಯೆಲ್ ಕ್ಲೋದೆಲ್ ಸ್ನಾಯುಕ್ಷಯದಿಂದ ಬಳಲುತ್ತಿದ್ದ ತಮ್ಮ ಸಂಬಂಧಿ ಹುಡುಗನನ್ನು ಬೆಟ್ಟಕ್ಕೆ ಕರೆದೊಯ್ಯಲೆಂದು 1987ರಲ್ಲಿ ಒಂದೇ ಗಾಲಿಯ ಕುರ್ಚಿಯೊಂದನ್ನು ನಿರ್ಮಿಸಿದರು. ಅವರ ಹೆಸರಿನಿಂದಲೇ ಅದಕ್ಕೆ ಜೋಯೆಲೆಟ್ ಎಂಬ ಹೆಸರು ಬಂದಿತು. ಆಸನದ ಕೆಳಗೆ ಒಂದು ಗಾಲಿ, ಹಿಂದೆ ಮುಂದೆ ಹಿಡಿಗಳು. ಮುಂದಿನವನು ಎಳೆಯುತ್ತಾನೆ, ಹಿಂದಿನವನು ಸಮತೋಲನ ಕಾಯುತ್ತಾನೆ ಮತ್ತು ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತಾನೆ. ಭಾರ ಗಾಲಿಯ ಮೇಲೆ ಬೀಳುವುದರಿಂದ ಡೋಲಿಯಂತೆ ಹೆಗಲು ನೋಯುವುದಿಲ್ಲ. ಕಡಿದಾದ ಏರಿನಲ್ಲಿ ಹಗ್ಗ ಕಟ್ಟಿ ಮತ್ತಿಬ್ಬರು ಎಳೆಯುವುದುಂಟು. ನಮ್ಮ ರೈತರ ಎಡೆಕುಂಟೆಯ ಹಿಡಿ ಹಿಡಿದವರಿಗೆ ಇದರ ತತ್ವ ಅರ್ಥವಾಗಲು ತಡವಾಗದು.

ಅಂಧರ ಚಾರಣಕ್ಕೆ ಇಷ್ಟೂ ಖರ್ಚಿಲ್ಲ. ಎರಡು ಮೂರು ಮೀಟರು ಉದ್ದದ ಹಗುರವಾದ ಕೋಲೊಂದು ಸಾಕು. ಮುಂದಿನ ತುದಿಯನ್ನು ಮಾರ್ಗದರ್ಶಿ ಹಿಡಿದು ನಡೆದರೆ, ಹಿಂದೆ ಹಿಡಿದವರಿಗೆ ತಿರುವು, ಏರು, ಇಳಿತಗಳೆಲ್ಲ ಕೋಲಿನ ಚಲನೆಯಿಂದಲೇ ತಿಳಿಯುತ್ತವೆ. ಅಮೆರಿಕದ ಅಂಧ ಪರ್ವತಾರೋಹಿ ಎರಿಕ್ ವೈಹೆನ್‌ಮೇಯರ್ 2001ರ ಮೇ ತಿಂಗಳಲ್ಲಿ ಎವರೆಸ್ಟ್ ಏರುವಾಗ ಮುಂದಿನವರು ಅಲ್ಲಾಡಿಸುವ ಗಂಟೆಯ ನಾದವನ್ನು ಅನುಸರಿಸಿದ್ದರು. ಮಾರ್ಗದರ್ಶಿಯ ಮಾತೂ ಇಲ್ಲಿ ಮುಖ್ಯ. ‘ನೋಡಿಕೊಂಡು ಬನ್ನಿ’ ಎಂದರೆ ಪ್ರಯೋಜನವಿಲ್ಲ. ‘ಎಡಗಾಲಿಗೆ ಮೊಣಕಾಲೆತ್ತರದ ಮೆಟ್ಟಿಲು, ಬಲಕ್ಕೆ ಕೊಳ್ಳ’ ಎನ್ನಬೇಕು. ದಾರಿಯ ಸುತ್ತ ಏನಿದೆಯೆಂಬುದನ್ನೂ ಹೇಳಬೇಕು. ಅದಿಲ್ಲದಿದ್ದರೆ ಅಂಧನಿಗೆ ಬೆಟ್ಟವೆಂಬುದು ಬರೀ ಉಬ್ಬಸವಾದೀತು.

ಕಿವುಡರ ವಿಷಯದಲ್ಲಿ ದೈಹಿಕ ತೊಂದರೆ ಏನೂ ಇಲ್ಲವೆಂದು ಭಾವಿಸಿ ಮೈಮರೆಯುವುದೇ ಅಪಾಯ. ಮಂಜು ಮುಸುಕಿದರೆ ಸನ್ನೆ ಕಾಣದು, ಕೂಗು ಕೇಳದು. ಟಾರ್ಚಿನ ಸಂಕೇತಗಳನ್ನು ಹೊರಡುವ ಮುನ್ನವೇ ಗೊತ್ತುಮಾಡಿಕೊಳ್ಳಬೇಕು.

ಕಾಣದ ಅಪಾಯಗಳು

ಬೆನ್ನುಹುರಿಗೆ ಪೆಟ್ಟಾದವರಿಗೆ ಸೊಂಟದ ಕೆಳಗೆ ಸ್ಪರ್ಶಜ್ಞಾನ ಇರುವುದಿಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕುಳಿತರೆ ಅವರಿಗೇ ತಿಳಿಯದಂತೆ ಒತ್ತಡದ ಹುಣ್ಣು ಆರಂಭವಾಗುತ್ತದೆ. ಅದು ವಾಸಿಯಾಗಲು ತಿಂಗಳುಗಳೇ ಬೇಕಾಗಬಹುದು. ಪೆಟ್ಟು ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಆಗಿದ್ದರೆ ಅದರ ಕೆಳಗೆ ಮೈ ಬೆವರದೆ ಉಷ್ಣ ಏರುವುದರಿಂದ, ನೀರು ಮತ್ತು ಒದ್ದೆ ಬಟ್ಟೆ ಜೊತೆಗಿರಬೇಕು. ಮಳೆಗಾಲದ ಮಲೆನಾಡಿನಲ್ಲಿ ಇಂಬಳಗಳ ಕಾಟ ಬೇರೆ. ಹತ್ತಿ ರಕ್ತ ಹೀರಿದರೂ ಸ್ಪರ್ಶವಿಲ್ಲದ ಕಾಲಿಗೆ ಗೊತ್ತಾಗದು. ಜೊತೆಗಾರರೇ ಆಗಾಗ್ಗೆ ನೋಡಬೇಕು.

ವಾಹನ ಹೋಗುವಷ್ಟು ಬೆಟ್ಟ

ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ (1,930 ಮೀಟರ್). ಇದರ ಸಮೀಪದವರೆಗೆ ರಸ್ತೆಯಿದ್ದರೂ ಕೊನೆಯಲ್ಲಿ ನೂರಾರು ಮೆಟ್ಟಿಲುಗಳಿವೆ. ನಂದಿ ಬೆಟ್ಟ ಮತ್ತು ಚಾಮುಂಡಿ ಬೆಟ್ಟಗಳ ಮೇಲಕ್ಕೆ ರಸ್ತೆಯೇ ಹೋಗುತ್ತದೆ. ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿಯೇ ಹೋಗಬೇಕಾದ್ದರಿಂದ, ವಿಕಲಚೇತನರ ಅನುಕೂಲಕ್ಕೆಂದು ಮಾರ್ಪಡಿಸಿದ ಸ್ವಂತ ವಾಹನವಿದ್ದರೂ ಅದು ಕೆಳಗೇ ನಿಲ್ಲುತ್ತದೆ. ವಿಕಲಚೇತನರಿಗೆ ಬೇಕಾದದ್ದು ಪೂರ್ತಿ ರಸ್ತೆಯೋ ರೋಪ್‌ವೇಯೋ ಆಗಿರಬೇಕೆಂದಿಲ್ಲ. ಶಿಖರದ ಬಳಿಯ ಒಂದೆರಡು ಫರ್ಲಾಂಗು ದಾರಿ ಮೆಟ್ಟಿಲಿಲ್ಲದೆ ಇದ್ದರೆ ಎಷ್ಟೋ ಜನರಿಗೆ ಬೆಟ್ಟ ತೆರೆದುಕೊಳ್ಳುತ್ತದೆ.

ಹಿಮಾಲಯದ ಸಾಧನೆಗಳು ಇಷ್ಟರಲ್ಲಿ ಪ್ರಸಿದ್ಧವಾಗಿವೆ. ರೈಲಿನಿಂದ ದೂಡಲ್ಪಟ್ಟು ಕಾಲು ಕಳೆದುಕೊಂಡ ಅರುಣಿಮಾ ಸಿನ್ಹಾ 2013ರಲ್ಲಿ, ಕಿನ್ನೌರಿನ ಅಂಧ ಯುವತಿ ಛೋನ್‌ಜಿನ್ ಆಂಗ್ಮೊ 2025ರಲ್ಲಿ ಎವರೆಸ್ಟ್ ಏರಿದರು. 2021ರ ಸೆಪ್ಟೆಂಬರಿನಲ್ಲಿ ಎಂಟು ವಿಕಲಚೇತನರ ತಂಡ ಸಿಯಾಚಿನ್ ಹಿಮನದಿಯ ಕುಮಾರ್ ಠಾಣೆಯನ್ನು, ಅಂದರೆ 15,632 ಅಡಿಗಳ ಎತ್ತರವನ್ನು ತಲುಪಿತು. ಸೇನೆಯ ವಿಶೇಷ ಪಡೆಗಳ ಮಾಜಿ ಯೋಧರು ಅವರಿಗೆ ತರಬೇತಿ ನೀಡಿದ್ದರು. ಆದರೆ ದಾಖಲೆಗಾಗಿ ಏರುವವರ ಸಂಖ್ಯೆ ಕಡಿಮೆ. ಒಂದು ಭಾನುವಾರ ಗೆಳೆಯರೊಂದಿಗೆ ಸಾಮಾನ್ಯ ಗುಡ್ಡವೊಂದನ್ನು ಹತ್ತಿ ಸೂರ್ಯಾಸ್ತ ನೋಡಿ ಬರಬೇಕೆನ್ನುವವರೇ ಹೆಚ್ಚು.

ಈ ಭಾಗದವರಿಗೆ ಹತ್ತಿರದ ದೊಡ್ಡ ಬೆಟ್ಟ 1,343 ಮೀಟರ್ ಎತ್ತರದ ಕೊಡಚಾದ್ರಿ. ತುದಿಯ ಸರ್ವಜ್ಞ ಪೀಠ ಆದಿ ಶಂಕರರ ಹೆಸರಿನೊಂದಿಗೆ ಬೆಸೆದಿದ್ದು, ಮಾಸೂರಿನ ತ್ರಿಪದಿ ಕವಿ ಸರ್ವಜ್ಞನಿಗೂ ಅದಕ್ಕೂ ಸಂಬಂಧವಿಲ್ಲ. ಕೊಲ್ಲೂರು ಕಡೆಯಿಂದ ಬಾಡಿಗೆ ಜೀಪುಗಳು ಹೋಗುತ್ತವೆ. ದಾರಿ ವಿಪರೀತ ಕುಲುಕುವಂಥದ್ದು, ಬೆನ್ನುಹುರಿಯ ತೊಂದರೆಯವರು ವೈದ್ಯರನ್ನು ಕೇಳದೆ ಹೊರಡುವುದು ತರವಲ್ಲ. ಜೀಪು ನಿಲ್ಲುವಲ್ಲಿಂದ ಪೀಠದವರೆಗೆ ಕಾಲುದಾರಿಯೇ ಗತಿ. ಕೋಲು ಹಿಡಿದ ಅಂಧರು, ಕೃತಕ ಕಾಲಿನವರು ನಿಧಾನವಾಗಿ ಪ್ರಯತ್ನಿಸಬಹುದು. ಗಾಲಿಕುರ್ಚಿಯವರು ಜೀಪು ನಿಲ್ಲುವ ತಾಣದಲ್ಲಿಯೇ ಕುಳಿತು ಕಣಿವೆ ನೋಡಬೇಕಾಗುತ್ತದೆ. ಹೊರಡುವವರು ವಿಶಿಷ್ಟ ಗುರುತಿನ ಚೀಟಿ ಇಟ್ಟುಕೊಂಡಿರಬೇಕು, ಅರಣ್ಯ ಇಲಾಖೆಯ ಪ್ರವೇಶ ನಿಯಮಗಳನ್ನು ಮೊದಲೇ ವಿಚಾರಿಸಬೇಕು. ಚೀಟಿ ಇನ್ನೂ ಆಗಿಲ್ಲದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಬಹುದು. ಮಳೆ ನಿಂತು ದಾರಿ ಒಣಗಿದ ನವೆಂಬರಿನಿಂದ ಫೆಬ್ರುವರಿಯವರೆಗಿನ ಅವಧಿ ಸೂಕ್ತ.