ಡೌನ್ ಹೌಸಿನ ದಿನಚರಿ

ಮನೆಯಲ್ಲಿಯೇ ಕುಳಿತು ಕಛೇರಿಯ ಕೆಲಸ ಮಾಡುವ ಪದ್ಧತಿ 2020ರ ಲಾಕ್‌ಡೌನ್ ಕಾಲದಲ್ಲಿ ನಮ್ಮಲ್ಲಿ ಮನೆಮಾತಾಯಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗಲೂ ವಾರದಲ್ಲಿ ಕೆಲವು ದಿನ ಹೀಗೆಯೇ ದುಡಿಯುತ್ತಾರೆ. ಬೆಳಗಿನಿಂದ ರಾತ್ರಿಯವರೆಗೆ ಕಂಪ್ಯೂಟರಿನ ಮುಂದೆ ಕುಳಿತರೂ ಕೆಲಸ ಮುಗಿಯುವುದೇ ಇಲ್ಲವೆಂಬುದು ಅವರ ದೂರು.

ಇತಿಹಾಸದ ದೃಷ್ಟಿಯಿಂದ ಇದು ಹೊಸ ಸಂಗತಿಯೇನೂ ಅಲ್ಲ. ನೇಕಾರನ ಮಗ್ಗ, ಕುಂಬಾರನ ತಿಗರಿ, ಅಕ್ಕಸಾಲಿಗನ ಅಗ್ಗಿಷ್ಟಿಕೆಗಳು ಮನೆಯೊಳಗೋ ಜಗಲಿಯ ಮೇಲೋ ಇದ್ದವು. ಕಾರ್ಖಾನೆ, ಕಛೇರಿಗಳು ಬಂದ ಮೇಲೆ ಮನೆಯೂ ದುಡಿಮೆಯೂ ಬೇರೆಬೇರೆಯಾದವು. ಹೀಗೆ ಬೇರೆಯಾಗುತ್ತಿದ್ದ ಕಾಲದ ಇಂಗ್ಲೆಂಡಿನಲ್ಲಿಯೇ ಒಬ್ಬ ಮಹನೀಯನು ನಲವತ್ತು ವರ್ಷ ಮನೆಯಲ್ಲಿ ಕುಳಿತು ಕೆಲಸ ಮಾಡಿದನು. ಆತನೇ ಚಾರ್ಲ್ಸ್ ಡಾರ್ವಿನ್.

ಬೀಗಲ್ ಹಡಗಿನಲ್ಲಿ 1831ರಿಂದ 1836ರವರೆಗೆ ಲೋಕ ಸುತ್ತಿ ಬಂದ ಡಾರ್ವಿನ್ 1842ರಲ್ಲಿ ಕೆಂಟ್ ಪ್ರಾಂತ್ಯದ ಡೌನ್ ಎಂಬ ಹಳ್ಳಿಗೆ ಸಂಸಾರಸಮೇತ ಬಂದು ನೆಲೆಸಿದನು. 1882ರಲ್ಲಿ ತೀರಿಕೊಳ್ಳುವವರೆಗೂ ಡೌನ್ ಹೌಸ್ ಎಂಬ ಆ ಮನೆಯೇ ಆತನ ಅಧ್ಯಯನಶಾಲೆ. ಆರೋಗ್ಯ ಮಾತ್ರ ತೀರ ದುರ್ಬಲ. ವಾಂತಿ, ತಲೆನೋವು, ನಿಶ್ಶಕ್ತಿಗಳು ಬೆನ್ನು ಬಿಡಲಿಲ್ಲ.

ಆತನ ಮಗ ಫ್ರಾನ್ಸಿಸ್ ತಂದೆಯ ದಿನಚರಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬೆಳಿಗ್ಗೆ 8ರಿಂದ 9.30ರವರೆಗೆ ಮುಖ್ಯ ಕೆಲಸ. ಆ ಒಂದೂವರೆ ಗಂಟೆಯೇ ದಿನದ ಅತ್ಯುತ್ತಮ ಸಮಯವೆಂದು ಡಾರ್ವಿನ್ನನ ಎಣಿಕೆ. ಬಳಿಕ ಒಂದು ಗಂಟೆ ಟಪಾಲು ನೋಡುವುದು, ಸೋಫಾದ ಮೇಲೆ ಒರಗಿ ಮನೆಯವರು ಓದಿ ಹೇಳುವುದನ್ನು ಆಲಿಸುವುದು. 10.30ರಿಂದ ಸುಮಾರು 12ರವರೆಗೆ ಮತ್ತೆ ಕೆಲಸ. ಅಲ್ಲಿಗೆ ದಿನದ ಮುಖ್ಯ ದುಡಿಮೆ ಮುಗಿಯಿತೆಂದೇ ಲೆಕ್ಕ. ಅನಂತರ ಸ್ಯಾಂಡ್‌ವಾಕ್ ಎಂದು ಹೆಸರಾದ ತೋಟದ ಕಾಲುದಾರಿಯಲ್ಲಿ ನಡಿಗೆ. ಸುತ್ತುಗಳ ಲೆಕ್ಕ ತಪ್ಪದಿರಲೆಂದು ದಾರಿಯ ಪಕ್ಕ ಕೆಲವು ಕಲ್ಲುಗಳನ್ನಿಟ್ಟು, ಸುತ್ತಿಗೊಂದರಂತೆ ಒದ್ದು ಸರಿಸುತ್ತಿದ್ದನು. ಊಟದ ನಂತರ ವೃತ್ತಪತ್ರಿಕೆ, ಪತ್ರಲೇಖನ, ವಿಶ್ರಾಂತಿ, ಸಂಜೆ 4.30ರಿಂದ ಇನ್ನೊಂದು ಗಂಟೆ ಕೆಲಸ. ರಾತ್ರಿ ಪತ್ನಿ ಎಮ್ಮಾಳೊಡನೆ ಬ್ಯಾಕ್‌ಗ್ಯಾಮನ್ ಎಂಬ ದಾಳದ ಆಟ ಎರಡು ಬಾರಿ. ಇದರ ಲೆಕ್ಕವನ್ನೂ ಬಿಟ್ಟವನಲ್ಲ: ತಾನು 2,795 ಆಟ ಗೆದ್ದಿರುವುದಾಗಿಯೂ ಹೆಂಡತಿ 2,490 ಗೆದ್ದಿರುವುದಾಗಿಯೂ 1876ರಲ್ಲಿ ಅಮೆರಿಕದ ಗೆಳೆಯನೊಬ್ಬನಿಗೆ ಬರೆದನು.

ಕೂಡಿಸಿ ನೋಡಿ. ಪತ್ರವ್ಯವಹಾರವನ್ನು ಬಿಟ್ಟರೆ ಮುಖ್ಯ ಕೆಲಸ ದಿನಕ್ಕೆ ನಾಲ್ಕು ಗಂಟೆ! ಹಡಗಿನ ತಳಕ್ಕೆ ಅಂಟಿಕೊಳ್ಳುವ ಬಾರ್ನಕಲ್ ಎಂಬ ಕ್ಷುದ್ರಜೀವಿಗಾಗಿ 1846ರಿಂದ ಎಂಟು ವರ್ಷ ದುಡಿದುದು, 1859ರಲ್ಲಿ ಜೀವಿಪ್ರಭೇದಗಳ ಉಗಮವನ್ನು ಕುರಿತ ಮಹಾಗ್ರಂಥ ಹೊರತಂದುದು, 1881ರಲ್ಲಿ ಎರೆಹುಳುಗಳನ್ನು ಕುರಿತು ಬರೆದುದು, ಎಲ್ಲವೂ ಇಂಥ ದಿನಚರಿಯ ಫಲ. ಗಂಟೆಗಳು ಕಡಿಮೆ, ಆದರೆ ನಿನ್ನೆಯ ವೇಳೆಯೇ ಇಂದಿನ ವೇಳೆ, ಇಂದಿನದೇ ನಾಳೆಯದು.

ಮನಸ್ಸಿನ ಚಾಪಲ್ಯಕ್ಕೂ ಆತನಲ್ಲಿ ಉಪಾಯವಿತ್ತು. ನಶ್ಯದ ಚಟವಿದ್ದುದರಿಂದ ನಶ್ಯವನ್ನು ಕೋಣೆಯಲ್ಲಿಡದೆ ಹಜಾರದ ಮೇಜಿನ ಮೇಲಿಟ್ಟಿದ್ದನು. ಬೇಕೆಂದಾಗ ಎದ್ದು ಹೋಗಬೇಕು. ಆ ಶ್ರಮವೇ ಕಡಿವಾಣ. ಮೊಬೈಲನ್ನು ಪಕ್ಕದಲ್ಲಿಯೇ ಇಟ್ಟುಕೊಂಡು ಕೂರುವವರು ಇದನ್ನು ಗಮನಿಸಬೇಕು.

ಮಕ್ಕಳ ಕಾಟವೂ ಕಡಿಮೆಯಿರಲಿಲ್ಲ. ದಾರ ಬೇಕು, ಕತ್ತರಿ ಬೇಕು, ಸುತ್ತಿಗೆ ಬೇಕು ಎಂದು ಅವರು ಕೋಣೆಗೆ ನುಗ್ಗುತ್ತಿದ್ದರು. ನಾಲ್ಕು ವರ್ಷದ ಒಬ್ಬ ಮಗನಂತೂ ಆಟಕ್ಕೆ ಬಂದರೆ ಆರು ಪೆನ್ಸ್ ಕೊಡುವೆನೆಂದು ತಂದೆಗೇ ಲಂಚದ ಆಸೆ ತೋರಿಸಿದನಂತೆ! ತಂದೆ ಗದರದೆ, ತಾಳ್ಮೆಯಿಂದಲೇ ತಿಳಿಹೇಳುತ್ತಿದ್ದನು.

ಆದರೆ ಇಲ್ಲಿಗೇ ನಿಲ್ಲಿಸಿದರೆ ಇತಿಹಾಸ ಅರ್ಧವಾಗುತ್ತದೆ. ಡಾರ್ವಿನ್ನನಿಗೆ ಪಿತ್ರಾರ್ಜಿತ ಸಂಪತ್ತಿತ್ತು, ಲೆಕ್ಕ ಕೇಳುವ ಮೇಲಧಿಕಾರಿ ಇರಲಿಲ್ಲ, ಮನೆಯಲ್ಲಿ ಆಳುಕಾಳುಗಳಿದ್ದರು. ಎಲ್ಲಕ್ಕಿಂತ ಮಿಗಿಲಾಗಿ ಎಮ್ಮಾ ಇದ್ದಳು. ಹತ್ತು ಮಕ್ಕಳನ್ನು ಹೆತ್ತು, ಅವರಲ್ಲಿ ಮೂವರನ್ನು ಎಳೆಯ ವಯಸ್ಸಿನಲ್ಲಿಯೇ ಕಳೆದುಕೊಂಡ ಆ ತಾಯಿ ಗಂಡನ ಶುಶ್ರೂಷೆ ಮಾಡಿದಳು, ಕರಡಚ್ಚು ತಿದ್ದಿದಳು, ಮನೆಯ ಗಡಿಯಾರವನ್ನೇ ಆತನ ಆರೋಗ್ಯಕ್ಕೆ ಹೊಂದಿಸಿದಳು. ಆತನ ನಾಲ್ಕು ಗಂಟೆಗಳ ಹಿಂದೆ ಆಕೆಯ ಇಡೀ ದಿನವಿತ್ತು.

ಈ ಮಾತನ್ನು ವಿಶೇಷವಾಗಿ ಹೇಳಲು ಕಾರಣವುಂಟು. ಇಂದು ಮನೆಯಿಂದ ಕೆಲಸ ಮಾಡುವವರಲ್ಲಿ ನನ್ನ ವಿದ್ಯಾರ್ಥಿನಿಯರೂ, ನಮ್ಮ ಬಂಧುವರ್ಗದ ಸೊಸೆಯರೂ ಇದ್ದಾರೆ. ಮೀಟಿಂಗಿನ ನಡುವೆ ಕುಕ್ಕರಿನ ಸೀಟಿ ಎಣಿಸುವವರು ಅವರೇ, ಕೊರಿಯರ್ ಬಂದಾಗ ಬಾಗಿಲು ತೆಗೆಯುವವರೂ ಅವರೇ. ಮನೆಯಲ್ಲಿಯೇ ಇದ್ದಾಳಲ್ಲ ಎಂಬ ಮಾತು ಸುಲಭವಾಗಿ ಬರುತ್ತದೆ. ಅವರ ಕೋಣೆಯ ಬಾಗಿಲನ್ನು ಕಾಯುವವರು ಯಾರು?

ವೇಳಾಪಟ್ಟಿ ಹಾಕಿಕೊಳ್ಳಿ, ನಡಿಗೆಯನ್ನು ಬಿಡಬೇಡಿ, ಕೆಲಸ ಮುಗಿಯಿತೆಂದು ದಿನಕ್ಕೊಮ್ಮೆ ಹೇಳಿಕೊಳ್ಳಲು ಕಲಿಯಿರಿ. ಇವು ಡಾರ್ವಿನ್ನನಿಂದ ಕಲಿಯಬಹುದಾದವು. ಮನೆಮಂದಿಯಲ್ಲಿ ಯಾರು ಕೆಲಸಕ್ಕೆ ಕುಳಿತರೂ ಅವರ ಹೊತ್ತನ್ನು ಉಳಿದವರು ಕಾಯಬೇಕೆಂಬುದು ಎಮ್ಮಾಳಿಂದ ಕಲಿಯಬೇಕಾದ ಪಾಠ. ಅದನ್ನು ಗಂಡಸರೂ ಕಲಿಯಲಿ ಎಂಬುದು ನನ್ನ ಆಶಯ.