ಪುರಾತನ ವಜ್ರದ ಉಂಗುರದ ಸೆಟ್ಟಿಂಗ್

ಪುರಾತನ ವಜ್ರದ ಉಂಗುರದ ಸೆಟ್ಟಿಂಗ್ ಎಂದರೆ, ಹಿಂದಿನ ಕಾಲದ ಪದ್ಧತಿಯಲ್ಲಿ ಸಾಣೆ ಹಿಡಿದ ವಜ್ರವನ್ನು ಉಂಗುರದಲ್ಲಿ, ವಿಶೇಷವಾಗಿ ನಿಶ್ಚಿತಾರ್ಥದ ಉಂಗುರದಲ್ಲಿ, ಹಿಡಿದಿಡುವ ಲೋಹದ ರಚನೆ. ಆಭರಣ ವ್ಯಾಪಾರದಲ್ಲಿ ಸಾಮಾನ್ಯವಾಗಿ ನೂರು ವರ್ಷಕ್ಕಿಂತ ಹಳೆಯ ವಸ್ತುವನ್ನು ಪುರಾತನ ಎನ್ನುತ್ತಾರೆ. ಹರಳು ಬೀಳದಂತೆ ಹಿಡಿಯುವುದು, ಅದನ್ನು ಪೆಟ್ಟಿನಿಂದ ಕಾಪಾಡುವುದು ಮತ್ತು ಅದರೊಳಕ್ಕೆ ಬೆಳಕು ಬಿಡುವುದು ಸೆಟ್ಟಿಂಗ್‌ನ ಮೂರು ಕೆಲಸಗಳು. ಇವು ಹಲವು ವೇಳೆ ಒಂದಕ್ಕೊಂದು ವಿರುದ್ಧವಾಗಿರುತ್ತವೆ: ಹೆಚ್ಚು ಲೋಹ ಹೆಚ್ಚು ರಕ್ಷಣೆ ನೀಡುತ್ತದೆ, ಆದರೆ ಹರಳಿನ ಹೆಚ್ಚು ಭಾಗವನ್ನು ಮುಚ್ಚುತ್ತದೆ.

ಇಂದಿನ ದುಂಡು ವಜ್ರಗಳು ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿ ಇರುವುದರಿಂದ ಸಿದ್ಧ ಸೆಟ್ಟಿಂಗ್‌ಗಳಿಗೆ ಹೊಂದಿಕೊಳ್ಳುತ್ತವೆ. ಹಳೆಯ ವಜ್ರಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಆದ್ದರಿಂದ ಮೊದಲು ಹರಳನ್ನು ಅಳೆದು, ಪರೀಕ್ಷಿಸಿ, ಅನಂತರ ಅದಕ್ಕೆ ತಕ್ಕ ಸೆಟ್ಟಿಂಗ್ ಮಾಡಿಸುವುದು ಸರಿಯಾದ ಕ್ರಮ. ಸೆಟ್ಟಿಂಗ್ ಹಿಡಿಸದಿದ್ದರೆ ಬದಲಿಸಬಹುದು. ಅಂಚು ಒಡೆದ ಅಥವಾ ಮತ್ತೆ ಸಾಣೆ ಹಿಡಿಸಿದ ಹರಳನ್ನು ಹಿಂದಿನ ಸ್ಥಿತಿಗೆ ತರಲಾಗದು.

ಹಿನ್ನೆಲೆ

ಹದಿನೆಂಟನೆಯ ಶತಮಾನದ ಆರಂಭದವರೆಗೆ ಜಗತ್ತಿಗೆ ವಜ್ರಗಳನ್ನು ಒದಗಿಸುತ್ತಿದ್ದ ಮುಖ್ಯ ದೇಶ ಭಾರತ. ಕೃಷ್ಣಾ ನದಿಯ ದಡದ ಕೊಲ್ಲೂರು ಮೊದಲಾದ ಗಣಿಗಳ ಹರಳುಗಳು ಗೋಲ್ಕೊಂಡದ ಹೆಸರಿನಲ್ಲಿ ಪ್ರಸಿದ್ಧವಾದವು. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿಯೂ 1860ರ ದಶಕದ ಕೊನೆಯಲ್ಲಿ ದಕ್ಷಿಣ ಆಫ್ರಿಕಾದಲ್ಲಿಯೂ ವಜ್ರಗಳು ದೊರೆತವು. ನಿಶ್ಚಿತಾರ್ಥಕ್ಕೆ ವಜ್ರದುಂಗುರ ನೀಡಿದ ಆರಂಭಿಕ ಉದಾಹರಣೆಯಾಗಿ, 1477ರಲ್ಲಿ ಆಸ್ಟ್ರಿಯದ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಮೇರಿಗೆ ಕೊಟ್ಟ ಉಂಗುರವನ್ನು ಹೆಸರಿಸುವುದು ವಾಡಿಕೆ. ದಕ್ಷಿಣ ಆಫ್ರಿಕಾದ ಗಣಿಗಳಿಂದ ಪೂರೈಕೆ ಹೆಚ್ಚಿದ ಮೇಲೆ ಈ ಪದ್ಧತಿ ಯೂರೋಪ್ ಮತ್ತು ಅಮೆರಿಕಗಳ ಮಧ್ಯಮ ವರ್ಗಕ್ಕೂ ಹರಡಿತು.

ಹದಿನೆಂಟನೆಯ ಶತಮಾನದ ಯೂರೋಪಿನ ಉಂಗುರಗಳಲ್ಲಿ ಹರಳಿನ ಹಿಂಭಾಗವನ್ನು ಲೋಹದಿಂದ ಪೂರ್ತಿಯಾಗಿ ಮುಚ್ಚಿ, ಹೊಳಪು ಹೆಚ್ಚಲೆಂದು ಅಡಿಯಲ್ಲಿ ಬೇಗಡೆ ಇಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹಿಂಭಾಗ ತೆರೆದಿರುವ ಸೆಟ್ಟಿಂಗ್ ಬಳಕೆಗೆ ಬಂದಿತು. 1886ರಲ್ಲಿ ನ್ಯೂಯಾರ್ಕಿನ ಟಿಫನಿ ಸಂಸ್ಥೆಯು ಆರು ಕೊಕ್ಕೆಗಳ ಮೇಲೆ ಒಂಟಿ ಹರಳನ್ನು ಎತ್ತಿ ಹಿಡಿಯುವ ವಿನ್ಯಾಸವನ್ನು ಹೊರತಂದಿತು. ಇಂದಿನ ಅನೇಕ ನಿಶ್ಚಿತಾರ್ಥದ ಉಂಗುರಗಳಿಗೆ ಅದೇ ಮಾದರಿ.

ಹಳೆಯ ಕಟ್‌ಗಳು

ಸೆಟ್ಟಿಂಗ್‌ನ ಆಯ್ಕೆಯು ಮುಖ್ಯವಾಗಿ ಹರಳಿನ ಕಟ್ ಅನ್ನು, ಅಂದರೆ ಅದಕ್ಕೆ ಸಾಣೆ ಹಿಡಿದ ಬಗೆಯನ್ನು, ಅವಲಂಬಿಸುತ್ತದೆ.

ಟೇಬಲ್ ಕಟ್: ವಜ್ರದ ಸಹಜ ರೂಪವು ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಸೇರಿಸಿದಂತಿರುವ ಎಂಟು ಮುಖಗಳ ಆಕೃತಿ. ಅದರ ಮೇಲ್ತುದಿಯನ್ನು ಸವೆಸಿ ಚಪ್ಪಟೆ ಮಾಡಿದರೆ ಟೇಬಲ್ ಕಟ್ ಆಗುತ್ತದೆ. ಇದು ಅತ್ಯಂತ ಹಳೆಯ ಕಟ್‌ಗಳಲ್ಲಿ ಒಂದು.

ರೋಸ್ ಕಟ್: ತಳ ಚಪ್ಪಟೆಯಾಗಿದ್ದು, ಮೇಲ್ಭಾಗ ತ್ರಿಕೋನ ಮುಖಗಳಿಂದ ಕೂಡಿ ಗುಮ್ಮಟದಂತೆ ಉಬ್ಬಿರುತ್ತದೆ. ಬೆಳಕನ್ನು ಹಿಂದಿರುಗಿಸುವ ಆಳವಾದ ಕೆಳಭಾಗ ಇದಕ್ಕಿಲ್ಲ.

ಓಲ್ಡ್ ಮೈನ್ ಕಟ್: ಮೂಲೆಗಳು ಉರುಟಾದ ಚೌಕಾಕಾರ, ಎತ್ತರವಾದ ಮೇಲ್ಭಾಗ, ಆಳವಾದ ಕೆಳಭಾಗ ಮತ್ತು ಚಿಕ್ಕ ಮೇಲ್ಮುಖ ಇದರ ಲಕ್ಷಣಗಳು. ತಳದ ತುದಿಯನ್ನು ಸವೆಸಿ ಮಾಡಿದ ಕ್ಯೂಲೆಟ್ ಎಂಬ ಮುಖವು ಮೇಲಿನಿಂದ ನೋಡಿದಾಗ ಸಣ್ಣ ವೃತ್ತದಂತೆ ಕಾಣುತ್ತದೆ.

ಓಲ್ಡ್ ಯೂರೋಪಿಯನ್ ಕಟ್: 1870ರ ದಶಕದಲ್ಲಿ ವಜ್ರವನ್ನು ದುಂಡಾಗಿಸುವ ಯಂತ್ರಗಳು ಬಂದ ಮೇಲೆ ಹರಡಿದ ದುಂಡು ಕಟ್. ಮೇಲ್ಭಾಗದ ಎತ್ತರ ಮತ್ತು ಚಿಕ್ಕ ಮೇಲ್ಮುಖಗಳಲ್ಲಿ ಇದು ಓಲ್ಡ್ ಮೈನ್ ಕಟ್ ಅನ್ನು ಹೋಲುತ್ತದೆ.

1919ರಲ್ಲಿ ಮಾರ್ಸೆಲ್ ಟೋಲ್ಕೋವ್ಸ್ಕಿ ದುಂಡು ವಜ್ರದ ಕೋನಗಳ ಲೆಕ್ಕವನ್ನು ಪ್ರಕಟಿಸಿದ ಅನಂತರ ಆಧುನಿಕ ಬ್ರಿಲಿಯಂಟ್ ಕಟ್ ಕ್ರಮೇಣ ಹಳೆಯ ಕಟ್‌ಗಳ ಸ್ಥಾನವನ್ನು ಆಕ್ರಮಿಸಿತು. ಆಧುನಿಕ ವಜ್ರದಲ್ಲಿ ಸಣ್ಣ ಸಣ್ಣ ಮಿಂಚುಗಳು ಹೆಚ್ಚು. ಹಳೆಯ ವಜ್ರದಲ್ಲಿ ಮಿಂಚುಗಳು ಕಡಿಮೆ, ಆದರೆ ಅಗಲವಾದವು. ಒಂದು ಕ್ಯಾರಟ್ ತೂಕದ ಆಧುನಿಕ ದುಂಡು ವಜ್ರದ ವ್ಯಾಸ ಸುಮಾರು 6.5 ಮಿಲಿಮೀಟರ್. ಅದೇ ತೂಕದ ಓಲ್ಡ್ ಮೈನ್ ಕಟ್ ಹರಳಿನ ತೂಕದ ಹೆಚ್ಚು ಪಾಲು ಆಳದಲ್ಲಿರುವುದರಿಂದ ಅದು ಮೇಲಿನಿಂದ ಸಾಮಾನ್ಯವಾಗಿ ಚಿಕ್ಕದಾಗಿ ಕಾಣುತ್ತದೆ. ಆದಕಾರಣ ತೂಕವನ್ನಷ್ಟೇ ನೋಡಿ ಸೆಟ್ಟಿಂಗ್ ಆರಿಸಿದರೆ ಅಳತೆ ತಪ್ಪುತ್ತದೆ.

ಹರಳಿನ ಪರೀಕ್ಷೆ

ಮೋಸ್ ಗಡಸುತನದ ಮಾಪಕದಲ್ಲಿ ವಜ್ರದ ಸ್ಥಾನ 10. ಇದರ ಅರ್ಥ ಅದನ್ನು ಗೀರುವುದು ಕಷ್ಟ ಎಂದೇ ಹೊರತು ಒಡೆಯುವುದು ಕಷ್ಟ ಎಂದಲ್ಲ. ವಜ್ರವು ನಾಲ್ಕು ನಿರ್ದಿಷ್ಟ ದಿಕ್ಕುಗಳಲ್ಲಿ ಸುಲಭವಾಗಿ ಸೀಳುತ್ತದೆ. ಹರಳಿನ ಮೇಲ್ಭಾಗ ಮತ್ತು ಕೆಳಭಾಗಗಳು ಕೂಡುವ ಅಂಚಿಗೆ ಗರ್ಡಲ್ ಎಂದು ಹೆಸರು. ಹಳೆಯ ವಜ್ರಗಳಲ್ಲಿ ಈ ಅಂಚು ಹಲವೆಡೆ ಚೂರಿಯ ಅಲಗಿನಂತೆ ತೆಳ್ಳಗಿರುತ್ತದೆ; ದಪ್ಪವೂ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಹರಳು ಕೂರಿಸುವವನ ಒತ್ತಡ ಬೀಳುವುದು ಈ ಅಂಚಿನ ಮೇಲೆಯೇ.

ಹರಳನ್ನು ಹಳೆಯ ಆಭರಣದಿಂದ ಬಿಡಿಸುವ ಮೊದಲು ಛಾಯಾಚಿತ್ರ ತೆಗೆದು, ಭೂತಗನ್ನಡಿಯಲ್ಲಿ ಕಾಣುವ ಬಿರುಕು, ಚುಕ್ಕೆ ಮತ್ತು ಅಂಚಿನ ಮುಕ್ಕುಗಳನ್ನು ಬರೆದಿಡುವುದು ಒಳ್ಳೆಯದು. ಮುಂದೆ ಹರಳು ಬದಲಾಯಿತೇ ಅಥವಾ ಹೊಸದಾಗಿ ಒಡೆಯಿತೇ ಎಂಬ ಸಂದೇಹ ಬಂದಾಗ ಇದೇ ಆಧಾರ. ಆಭರಣದಲ್ಲಿರುವಾಗ ಹರಳಿನ ತೂಕವನ್ನು ಅಂದಾಜು ಮಾಡಬಹುದೇ ಹೊರತು ನಿಖರವಾಗಿ ಹೇಳಲಾಗದು. ಜೆಮಾಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕವು ವಜ್ರದ ದರ್ಜೆಯ ವರದಿಯನ್ನು ಬಿಡಿ ಹರಳುಗಳಿಗಷ್ಟೇ ನೀಡುತ್ತದೆ. ಆದ್ದರಿಂದ ಹಳೆಯ ಆಭರಣದಿಂದ ತೆಗೆದು ಹೊಸ ಉಂಗುರಕ್ಕೆ ಕೂರಿಸುವ ನಡುವಿನ ಸಮಯವೇ ಪ್ರಮಾಣಪತ್ರ ಮಾಡಿಸಲು ತಕ್ಕ ಕಾಲ.

ಹಳೆಯ ದಾಖಲೆಗಳಲ್ಲಿರುವ ತೂಕವನ್ನು ಓದುವಾಗ ಎಚ್ಚರ ಅಗತ್ಯ. 0.2 ಗ್ರಾಂಗೆ ಸಮನಾದ ಮೆಟ್ರಿಕ್ ಕ್ಯಾರಟ್ 1907ರ ಅನಂತರವಷ್ಟೇ ಬಳಕೆಗೆ ಬಂದಿತು. ಅದಕ್ಕೆ ಮುಂಚಿನ ಕ್ಯಾರಟ್ ಊರಿನಿಂದ ಊರಿಗೆ ತುಸು ವ್ಯತ್ಯಾಸವಾಗುತ್ತಿತ್ತು. ಹಳೆಯ ಕಟ್‌ಗಳ ಮಾದರಿಯಲ್ಲಿ ಹೊಸದಾಗಿ ಸಾಣೆ ಹಿಡಿದ ವಜ್ರಗಳೂ ಮಾರುಕಟ್ಟೆಯಲ್ಲಿವೆ. ಕಟ್ ಹಳೆಯದಾಗಿ ಕಂಡ ಮಾತ್ರಕ್ಕೆ ಹರಳು ಪುರಾತನವೆಂದು ತೀರ್ಮಾನಿಸಲಾಗದು.

ಸೆಟ್ಟಿಂಗ್‌ನ ವಿಧಗಳು

ಕೊಕ್ಕೆ ಸೆಟ್ಟಿಂಗ್: ಲೋಹದ ನಾಲ್ಕು, ಆರು ಅಥವಾ ಎಂಟು ಕೊಕ್ಕೆಗಳು ಹರಳಿನ ಅಂಚನ್ನು ಹಿಡಿಯುತ್ತವೆ. ಕೊಕ್ಕೆಗಳ ನಡುವೆ ಬೆಳಕು ಧಾರಾಳವಾಗಿ ಬರುತ್ತದೆ, ಸ್ವಚ್ಛಗೊಳಿಸುವುದೂ ಸುಲಭ. ಆದರೆ ನಡುವಿನ ಅಂಚು ಬಯಲಾಗಿರುತ್ತದೆ. ಕೊಕ್ಕೆಗಳು ಬಟ್ಟೆಗೆ ಸಿಕ್ಕಿಕೊಳ್ಳುತ್ತವೆ, ವರ್ಷಗಳು ಕಳೆದಂತೆ ಸವೆಯುತ್ತವೆ. ಚೌಕಾಕಾರದ ಹರಳಿಗೆ ನಾಲ್ಕೂ ಮೂಲೆಗಳಲ್ಲಿ ಕೊಕ್ಕೆ ಅಗತ್ಯ. ನಾಲ್ಕೇ ಕೊಕ್ಕೆಗಳಿರುವಲ್ಲಿ ಒಂದು ಸಡಿಲವಾದರೂ ಹರಳು ಬೀಳಬಹುದು. ಆರು ಅಥವಾ ಜೋಡಿ ಕೊಕ್ಕೆಗಳಿದ್ದರೆ ಆ ಅಪಾಯ ಕಡಿಮೆ.

ಬೆಜೆಲ್ ಸೆಟ್ಟಿಂಗ್: ಹರಳಿನ ಸುತ್ತ ಲೋಹದ ತೆಳುವಾದ ಗೋಡೆ ನಿಲ್ಲಿಸಿ, ಅದರ ಮೇಲಂಚನ್ನು ಒಳಕ್ಕೆ ಮಡಿಸಲಾಗುತ್ತದೆ. ತೆಳು ಅಂಚಿನ, ಮುಕ್ಕಾದ ಅಥವಾ ಆಕಾರ ಸಮನಲ್ಲದ ಹರಳಿಗೆ ಇದು ಉತ್ತಮ ರಕ್ಷಣೆ. ಕೈಯಿಂದ ಹೆಚ್ಚು ಕೆಲಸ ಮಾಡುವವರಿಗೂ ಒಪ್ಪುತ್ತದೆ. ಆದರೆ ಗೋಡೆಯನ್ನು ಮಡಿಸುವಾಗಲೇ ತೆಳು ಅಂಚಿಗೆ ಪೆಟ್ಟು ಬೀಳಬಹುದು. ಆದ್ದರಿಂದ ಈ ಕೆಲಸಕ್ಕೆ ಮೆದು ಲೋಹವೂ ಪಳಗಿದ ಕೈಯೂ ಬೇಕು.

ಕಟ್-ಡೌನ್ ಸೆಟ್ಟಿಂಗ್: ಬೆಜೆಲ್ ಗೋಡೆಯನ್ನು ಅಲ್ಲಲ್ಲಿ ಕೆತ್ತಿ ಇಳಿಸಿ, ಉಳಿದ ಏಣುಗಳಿಂದ ಹರಳನ್ನು ಹಿಡಿಯುವ ಹಳೆಯ ಕ್ರಮ. ಇದು ಬೆಜೆಲ್ ಮತ್ತು ಕೊಕ್ಕೆ ಸೆಟ್ಟಿಂಗ್‌ಗಳ ನಡುವಿನದು. ಹತ್ತೊಂಬತ್ತನೆಯ ಶತಮಾನದ ವಜ್ರಗಳೊಂದಿಗೆ ಕಾಲದ ದೃಷ್ಟಿಯಿಂದಲೂ ಹೊಂದುತ್ತದೆ.

ಗುಂಪು ಸೆಟ್ಟಿಂಗ್: ಮಧ್ಯದ ಹರಳಿನ ಸುತ್ತ ಸಣ್ಣ ಹರಳುಗಳನ್ನು ಕೂರಿಸುವುದರಿಂದ ಉಂಗುರ ದೊಡ್ಡದಾಗಿ ಕಾಣುತ್ತದೆ, ಮಧ್ಯದ ಹರಳಿನ ಅಂಚಿಗೆ ಸ್ವಲ್ಪ ಮರೆಯೂ ದೊರೆಯುತ್ತದೆ. ಸುತ್ತಲಿನವು ಆಧುನಿಕ ಕಟ್‌ನ ಅಚ್ಚ ಬಿಳಿ ವಜ್ರಗಳಾದರೆ ಹಳೆಯ ಹರಳು ಅವುಗಳ ನಡುವೆ ಹಳದಿಯಾಗಿ, ಮಂಕಾಗಿ ಕಾಣುವ ಸಂಭವವಿದೆ.

ಮುಚ್ಚಿದ ಸೆಟ್ಟಿಂಗ್: ರೋಸ್ ಕಟ್ ಹರಳಿನ ಹಿಂಭಾಗ ತೆರೆದಿದ್ದರೆ ಅದರ ಮೂಲಕ ಬೆರಳಿನ ಚರ್ಮವೇ ಕಾಣಬಹುದು. ಅಂಥ ಹರಳಿಗೆ ಹಿಂದೆ ಲೋಹದ ತಗಡು ಅಥವಾ ಬೇಗಡೆ ಇರುವ ಹಳೆಯ ಕ್ರಮವೇ ಹೆಚ್ಚು ಒಪ್ಪುತ್ತದೆ. ಬೇಗಡೆಗೆ ನೀರು ತಾಗಿದರೆ ಅದು ಕಪ್ಪಾಗುವುದರಿಂದ, ಹೀಗೆ ಮಾಡಿದ ಉಂಗುರ ನಿತ್ಯದ ಬಳಕೆಗೆ ತಕ್ಕುದಲ್ಲ.

ಹರಳನ್ನು ಎರಡು ಬದಿಯ ಲೋಹದ ಒತ್ತಡದಿಂದಲೇ ಹಿಡಿದಿಡುವ ಟೆನ್ಷನ್ ಸೆಟ್ಟಿಂಗ್ ತೆಳು ಅಂಚಿನ ಹಳೆಯ ವಜ್ರಕ್ಕೆ ಸೂಕ್ತವಲ್ಲ. ಯಾವ ವಿಧವಾದರೂ ಓಲ್ಡ್ ಮೈನ್ ಕಟ್‌ನಂಥ ಆಳವಾದ ಹರಳಿನ ತಳ ಬೆರಳಿಗೆ ತಾಗದಷ್ಟು ಎತ್ತರ ಬೇಕು. ಉಂಗುರ ಗಿಡ್ಡಗಿರಲೆಂದು ಈ ಎತ್ತರವನ್ನು ಕಡಿಮೆ ಮಾಡಲಾಗದು.

ಲೋಹದ ಆಯ್ಕೆ

ಪ್ಲಾಟಿನಂ ಬಳಕೆಗೆ ಬರುವ ಮೊದಲು ಯೂರೋಪಿನಲ್ಲಿ ವಜ್ರಗಳನ್ನು ಬೆಳ್ಳಿಯಲ್ಲಿ ಕೂರಿಸಿ, ಹಿಂಭಾಗಕ್ಕೆ ಚಿನ್ನ ಕೊಡುವ ಪದ್ಧತಿ ಇತ್ತು. ಪ್ಲಾಟಿನಂನ ದ್ರವನಬಿಂದು 1768 ಡಿಗ್ರಿ ಸೆಲ್ಸಿಯಸ್, ಚಿನ್ನದ್ದು 1064. ಹೆಚ್ಚಿನ ಉಷ್ಣತೆಯ ಜ್ವಾಲೆ ಕಾರ್ಯಾಗಾರಗಳಿಗೆ ಬಂದ ಮೇಲೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಪ್ಲಾಟಿನಂ ಉಂಗುರಗಳು ಹೆಚ್ಚಿದವು. ಸವೆತ ತಾಳುವ ಗುಣದಿಂದಾಗಿ ಕೊಕ್ಕೆಗಳಿಗೆ ಅದು ಉತ್ತಮ ಲೋಹ.

ಹಳೆಯ ವಜ್ರಗಳಲ್ಲಿ ಅನೇಕಕ್ಕೆ ನಸುಹಳದಿ ಛಾಯೆ ಇರುತ್ತದೆ. ಬಿಳಿ ಲೋಹದಲ್ಲಿ ಈ ಛಾಯೆ ಎದ್ದು ಕಾಣುತ್ತದೆ. ಹಳದಿ ಚಿನ್ನದಲ್ಲಿ ಅಷ್ಟಾಗಿ ತಿಳಿಯುವುದಿಲ್ಲ. 22 ಕ್ಯಾರಟ್ ಚಿನ್ನ ಮೆದುವಾದ್ದರಿಂದ ಬೆಜೆಲ್‌ಗೆ ಅನುಕೂಲ, ತೆಳು ಕೊಕ್ಕೆಗಳಿಗೆ ಅಲ್ಲ. ನೂರರಲ್ಲಿ 75 ಪಾಲು ಚಿನ್ನವಿರುವ 18 ಕ್ಯಾರಟ್ ಮಿಶ್ರಲೋಹವು ಎರಡಕ್ಕೂ ಸಾಮಾನ್ಯವಾಗಿ ಬಳಕೆಯಲ್ಲಿದೆ.

ಮರುಸಾಣೆಯ ಪ್ರಶ್ನೆ

ಹರಳು ಸೆಟ್ಟಿಂಗ್‌ಗೆ ಹೊಂದದಿದ್ದಾಗ ಅಥವಾ ಹೊಳಪು ಸಾಲದೆನಿಸಿದಾಗ ಅದಕ್ಕೆ ಮತ್ತೆ ಸಾಣೆ ಹಿಡಿಸುವ ಸಲಹೆ ಬರುವುದುಂಟು. ಇದರ ಪರಿಣಾಮಕ್ಕೆ ಕೊಹಿನೂರ್ ಪ್ರಸಿದ್ಧ ಉದಾಹರಣೆ. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಅದು ಸಾಕಷ್ಟು ಹೊಳೆಯುವುದಿಲ್ಲವೆಂದು ಜನ ನಿರಾಶರಾದರು. ಮರುವರ್ಷ ಮತ್ತೆ ಸಾಣೆ ಹಿಡಿಸಿದಾಗ ಸುಮಾರು 191 ಮೆಟ್ರಿಕ್ ಕ್ಯಾರಟ್‌ನ ವಜ್ರ 105.6 ಕ್ಯಾರಟ್‌ಗೆ ಇಳಿಯಿತು. ಭಾರತದಲ್ಲಿ ಸಾಣೆ ಹಿಡಿದಿದ್ದ ಅದರ ಮೂಲ ರೂಪ ಶಾಶ್ವತವಾಗಿ ಅಳಿಯಿತು. ವಿಟೆಲ್ಸ್‌ಬಾಕ್ ಎಂಬ ನೀಲಿ ವಜ್ರವನ್ನು 2008ರಲ್ಲಿ ಕೊಂಡ ಲಾರೆನ್ಸ್ ಗ್ರಾಫ್ ಅದಕ್ಕೆ ಮರುಸಾಣೆ ಹಿಡಿಸಿದಾಗ ತೂಕ 35.56ರಿಂದ 31.06 ಕ್ಯಾರಟ್‌ಗೆ ಇಳಿಯಿತು. ಬಣ್ಣ ಮತ್ತು ನೈರ್ಮಲ್ಯದ ದರ್ಜೆ ಏರಿದರೂ ಚಾರಿತ್ರಿಕ ವಸ್ತುವೊಂದು ಹಾಳಾಯಿತೆಂಬ ಟೀಕೆ ಕೇಳಿಬಂದಿತು.

ಅಂಚಿನ ಸಣ್ಣ ಮುಕ್ಕನ್ನು ಕೊಕ್ಕೆಯ ಅಡಿಯಲ್ಲಿ ಅಥವಾ ಬೆಜೆಲ್ ಗೋಡೆಯೊಳಗೆ ಮರೆಮಾಡುವುದು ಸಾಧ್ಯವಿರುವಲ್ಲಿ ಮರುಸಾಣೆ ಅನಗತ್ಯ. ಇದಕ್ಕೆ ಭಿನ್ನವಾಗಿ, ಹರಳನ್ನು ಹಾಗೆಯೇ ಉಳಿಸಿ ಲೋಹವನ್ನು ಮಾತ್ರ ಬದಲಿಸಿದ ಉದಾಹರಣೆಗಳೂ ಇವೆ. 1947ರಲ್ಲಿ ರಾಜಕುಮಾರಿ ಎಲಿಜಬೆತ್‌ಗೆ ಫಿಲಿಪ್ ತೊಡಿಸಿದ ನಿಶ್ಚಿತಾರ್ಥದ ಉಂಗುರದ ವಜ್ರಗಳು ಅವರ ತಾಯಿ ರಾಜಕುಮಾರಿ ಆಲಿಸ್ ಅವರ ಮುಕುಟದಿಂದ ತೆಗೆದವು. ಸುಮಾರು ಮೂರು ಕ್ಯಾರಟ್‌ನ ಹರಳೊಂದನ್ನು ಮಧ್ಯದಲ್ಲಿಟ್ಟು, ಇಕ್ಕೆಲಗಳಲ್ಲಿ ಚಿಕ್ಕ ವಜ್ರಗಳನ್ನು ಸೇರಿಸಿ, ಪ್ಲಾಟಿನಂನಲ್ಲಿ ಆ ಉಂಗುರವನ್ನು ಮಾಡಲಾಗಿತ್ತು.

ಕರ್ನಾಟಕದಲ್ಲಿ

ಕರ್ನಾಟಕದ ಕುಟುಂಬಗಳಲ್ಲಿ ಹಳೆಯ ವಜ್ರಗಳು ಉಂಗುರಕ್ಕಿಂತ ಹೆಚ್ಚಾಗಿ ಓಲೆ, ಮೂಗುಬೊಟ್ಟು, ಬೇಸರಿಗಳ ರೂಪದಲ್ಲಿ ಉಳಿದು ಬಂದಿವೆ. ನಿಶ್ಚಿತಾರ್ಥದಲ್ಲಿ ಉಂಗುರ ಬದಲಿಸಿಕೊಳ್ಳುವ ರೂಢಿ ಹರಡಿದ ಮೇಲೆ ಅಜ್ಜಿಯ ಓಲೆಯ ಹರಳುಗಳಿಂದ ಉಂಗುರ ಮಾಡಿಸುವುದೂ ಕಂಡುಬರುತ್ತದೆ. ಏಳು ಹರಳಿನ ಓಲೆಯಿಂದ ಒಂದನ್ನೇ ತೆಗೆದರೆ, ಅಳತೆ ಮತ್ತು ಬಣ್ಣ ನೋಡಿ ಹೊಂದಿಸಿದ ಜೋಡಿ ಒಡೆಯುತ್ತದೆ. ಅದಕ್ಕೆ ಹೋಲುವ ಹಳೆಯ ಹರಳು ಮತ್ತೆ ಸಿಗುವುದು ಕಷ್ಟ. ಒಂದು ಓಲೆಯ ಏಳು ಹರಳುಗಳನ್ನೂ ಅದೇ ಹೂವಿನ ವಿನ್ಯಾಸದಲ್ಲಿ ಒಂದು ಉಂಗುರಕ್ಕೆ ತಂದರೆ ಹರಳುಗಳು ಚದುರುವುದಿಲ್ಲ. ಜೋಡಿಯಿಂದ ಇಬ್ಬರು ಮಕ್ಕಳಿಗೆ ಎರಡು ಉಂಗುರಗಳಾಗುತ್ತವೆ.

ಕುಂದಣದ ಕೆಲಸದಲ್ಲಿ ಹರಳುಗಳನ್ನು ಅರಗಿನ ಮೇಲೆ ಬೇಗಡೆಯೊಂದಿಗೆ ಇಟ್ಟು, ಸುತ್ತಲೂ ಶುದ್ಧ ಚಿನ್ನದ ತೆಳು ಎಳೆಗಳನ್ನು ಒತ್ತಿ ಕೂರಿಸುತ್ತಾರೆ. ಇಂಥ ಆಭರಣದಿಂದ ಬಿಡಿಸಿದ ಹರಳಿನ ಬಣ್ಣವು ಬೇಗಡೆ ಹೋದ ಮೇಲೆ ಬೇರೆಯಾಗಿ ಕಾಣಬಹುದು. ಆದಕಾರಣ ಲೋಹವನ್ನು ಹರಳು ಬಿಡಿಸಿದ ಅನಂತರ ನಿರ್ಧರಿಸುವುದು ಮೇಲು.

ಪಾಲನೆ

ವಜ್ರವು ಇಂಗಾಲವೇ ಆದುದರಿಂದ ಗಾಳಿಯಲ್ಲಿ ಅತಿಯಾಗಿ ಕಾಯಿಸಿದರೆ ಅದರ ಮೇಲ್ಮೈ ಸುಟ್ಟು ಮಂಕಾಗುತ್ತದೆ. ಉಂಗುರದ ಅಳತೆ ಬದಲಿಸುವಾಗ ಅಥವಾ ಬೆಸುಗೆ ಹಾಕುವಾಗ ಹರಳನ್ನು ತೆಗೆಯುತ್ತಾರೆ, ಇಲ್ಲವೇ ಬೋರಿಕ್ ಆಮ್ಲ ಲೇಪಿಸಿ ಕಾಪಾಡುತ್ತಾರೆ. ಹಿಂಭಾಗ ತೆರೆದಿರುವ ಉಂಗುರವನ್ನು ಉಗುರುಬೆಚ್ಚಗಿನ ಸಾಬೂನು ನೀರು ಮತ್ತು ಮೆದು ಬ್ರಷ್‌ನಿಂದ ತೊಳೆಯಬಹುದು. ಬೇಗಡೆ ಇರುವ ಉಂಗುರವನ್ನು ಒಣ ಬಟ್ಟೆಯಿಂದ ಒರೆಸಬೇಕೇ ಹೊರತು ನೀರಿನಲ್ಲಿ ಅದ್ದಬಾರದು. ಬಿರುಕುಗಳಿರುವ ಹರಳಿಗೆ ಅಲ್ಟ್ರಾಸಾನಿಕ್ ಯಂತ್ರದ ಕಂಪನ ಅಪಾಯಕರ. ವರ್ಷಕ್ಕೊಮ್ಮೆಯಾದರೂ ಕೊಕ್ಕೆಗಳ ಸವೆತವನ್ನು ಅಕ್ಕಸಾಲಿಗರಿಂದ ಪರೀಕ್ಷಿಸಬೇಕು. ಉಂಗುರವನ್ನು ಕಿವಿಯ ಬಳಿ ಹಿಡಿದು ಮೆಲ್ಲನೆ ತಟ್ಟಿದಾಗ ಅಲುಗಾಟದ ಸದ್ದು ಕೇಳಿದರೆ ಹರಳು ಸಡಿಲವಾಗಿದೆಯೆಂದು ತಿಳಿದು, ದುರಸ್ತಿಯಾಗುವವರೆಗೆ ಅದನ್ನು ಧರಿಸಬಾರದು.