ಒಳಉಡುಪಿನ ಗೆರೆ: ಬಟ್ಟೆಯ ಲೋಪ ಮೈಯ ತಪ್ಪಾದ ಬಗೆ

ಪ್ರಸ್ತಾವನೆ

ಮೈಗಂಟಿದ ಪ್ಯಾಂಟಿನ ಮೇಲೆ ಒಳಚಡ್ಡಿಯ ಅಂಚು ಗೆರೆಯಾಗಿ ಮೂಡಿದರೆ ಅದು ಉಡುಗೆಯ ತಪ್ಪು ಎಂಬ ಮಾತು ಫ್ಯಾಷನ್ ಬರವಣಿಗೆಯಲ್ಲಿ ಚರ್ಚೆಯೇ ಬೇಡದ ಸತ್ಯದಂತೆ ಚಲಾವಣೆಯಲ್ಲಿದೆ. ಆದರೆ ಈ ನಿಯಮಕ್ಕೆ ವಯಸ್ಸು ಹೆಚ್ಚಿಲ್ಲ. ಅಮೆರಿಕದಲ್ಲಿ 1970ರ ದಶಕದಲ್ಲಿ ಅದಕ್ಕೊಂದು ಹೆಸರು ಬಿತ್ತು, ಪರಿಹಾರದ ಸರಕೂ ಅಂಗಡಿಗೆ ಬಂತು. ಗೆರೆ ಮೂಡುವುದಕ್ಕೆ ಕಾರಣವೇನು, ಮೂಡಿದಾಗ ಅದರ ಹೊಣೆ ಯಾರ ತಲೆಗೆ ಬೀಳುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಈ ಲೇಖನ ಎತ್ತಿಕೊಳ್ಳುತ್ತದೆ. ಬಟ್ಟೆಯ ಗುಣ, ಕತ್ತರಿಸಿದ ರೀತಿ, ಅಂಚಿನ ಹೊಲಿಗೆ ಈ ಮೂರರಿಂದ ಗೆರೆ ಹುಟ್ಟುತ್ತದೆ. ಅದನ್ನು ಉಟ್ಟವರ ತಪ್ಪೆಂದು ಎಣಿಸುವುದು ಮಾರುಕಟ್ಟೆ ಕಲಿಸಿದ ರೂಢಿ. ಆ ರೂಢಿಗೆ ಸಭ್ಯತೆಯ ಆಧಾರವೂ ದೊರೆಯುವುದಿಲ್ಲ ಎಂಬುದು ಇಲ್ಲಿನ ವಾದ. ಮುಖ್ಯ ನಿದರ್ಶನಗಳು ಈ ನಿಯಮ ಬೆಳೆದ ಅಮೆರಿಕ ಮತ್ತು ಇಂಗ್ಲೆಂಡಿನವು. ಕರ್ನಾಟಕದ ಉಡುಗೆಯ ರೂಢಿಗಳನ್ನು ಅವುಗಳೊಡನೆ ಹೋಲಿಕೆಗಾಗಿ ಇಟ್ಟುಕೊಂಡಿದೆ.

1. ಗೆರೆ ಮೂಡುವ ಬಗೆ

ಒಳಚಡ್ಡಿಯ ಕಾಲಂಚಿನಲ್ಲಿ ಬಟ್ಟೆಯನ್ನು ಮಡಿಚಿ ಎಲಾಸ್ಟಿಕ್ ಕೂಡಿಸಿ ಹೊಲಿದಾಗ ಅಲ್ಲಿ ಪದರಗಳು ಸೇರಿ ದಪ್ಪವಾಗುತ್ತದೆ. ಉಡುಪು ಜಾಗ ಬಿಟ್ಟು ಸರಿಯದಿರಲು ಎಲಾಸ್ಟಿಕ್ ಬಿಗಿಹಿಡಿಯಲೇಬೇಕು. ಆ ಬಿಗಿತಕ್ಕೆ ಅದರಡಿಯ ಮೆತ್ತನೆಯ ಮಾಂಸ ಒಳಸರಿದು ಅಂಚಿನ ಪಕ್ಕದ ಭಾಗ ತುಸು ಉಬ್ಬುತ್ತದೆ. ಪಟ್ಟಿ ಕಿರಿದಾದಷ್ಟೂ ಒತ್ತಡ ಒಂದೇ ಕಡೆ ಬಿದ್ದು ಈ ಏರುತಗ್ಗು ಹೆಚ್ಚುತ್ತದೆ. ಸಪೂರ ಮೈಗೂ ತುಂಬಿದ ಮೈಗೂ ಇದು ಒಂದೇ. ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ.

ಒಳಗಿನ ಏರುತಗ್ಗು ಹೊರಗೆ ಕಾಣಬೇಕೇ ಬೇಡವೇ ಎಂಬುದನ್ನು ಮೇಲಿನ ಬಟ್ಟೆ ತೀರ್ಮಾನಿಸುತ್ತದೆ. ಡೆನಿಮ್‌ನಂಥ ಒರಟು ನೇಯ್ಗೆ ಸುಲಭಕ್ಕೆ ಬಾಗದು. ಸಣ್ಣ ತಗ್ಗುಗಳ ಮೇಲೆ ಹಾಸಿಕೊಂಡು ಅವನ್ನು ಮುಚ್ಚಿಬಿಡುತ್ತದೆ. ತೆಳುವಾದ ಹೆಣಿಗೆಯ ಬಟ್ಟೆ ಪ್ರತಿ ತಗ್ಗಿಗೂ ಇಳಿಯುತ್ತದೆ. ಸ್ಯಾಟಿನ್‌ನಂಥ ಹೊಳಪಿನ ಬಟ್ಟೆಯಲ್ಲಿ ಮೇಲ್ಮೈ ಚೂರು ಓರೆಯಾದರೂ ಬೆಳಕು ಬೇರೆ ದಿಕ್ಕಿಗೆ ಪ್ರತಿಫಲಿಸುವುದರಿಂದ ಬೇರೆ ಬಟ್ಟೆಯಲ್ಲಿ ಕಣ್ಣಿಗೆ ಸಿಗದಷ್ಟು ಸಣ್ಣ ಉಬ್ಬೂ ಎದ್ದು ಕಾಣುತ್ತದೆ. ಪಕ್ಕದಿಂದ ಬೀಳುವ ಬೆಳಕು ಇದಕ್ಕೆ ನೆರಳನ್ನು ಕೂಡಿಸುತ್ತದೆ.

ಬಣ್ಣದಿಂದ ಕಾಣುವ ಗೆರೆಯ ಬಗೆಯೇ ಬೇರೆ. ಬಿಳಿಯ ತೆಳು ಪ್ಯಾಂಟಿನೊಳಗೆ ಬಿಳಿಯ ಒಳಚಡ್ಡಿ ಅಡಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಅದು ಸುತ್ತಲಿನ ಚರ್ಮಕ್ಕಿಂತ ಹೆಚ್ಚು ಬೆಳಕನ್ನು ಹಿಂತಿರುಗಿಸಿ ಇನ್ನಷ್ಟು ಢಾಳಾಗಿ ಕಾಣುತ್ತದೆ. ಉಟ್ಟವರ ಮೈಬಣ್ಣಕ್ಕೆ ಹತ್ತಿರದ ಒಳಉಡುಪೇ ಅಲ್ಲಿ ಮರೆಯಾಗುವುದು.

ಇದಕ್ಕೆ ಉಪಾಯಗಳಿಲ್ಲವೆಂದಲ್ಲ. ಮೇಲುಡುಪಿಗೆ ಲೈನಿಂಗ್ ಕೊಡಬಹುದು. ಅಂಚಿಗೆ ಅಗಲವಾದ ಲೇಸ್ ಬಳಸಿ ಒತ್ತಡವನ್ನು ಹರಡಬಹುದು. ಮಡಿಕೆ ಹೊಲಿಗೆ ಬಿಟ್ಟು ಅಂಚನ್ನು ಕತ್ತರಿಸಿ ಅಂಟಿಸಬಹುದು. ಕೊಳವೆಯಾಕಾರದ ಹೆಣಿಗೆಯಲ್ಲಿ ಪಕ್ಕದ ಹೊಲಿಗೆಯನ್ನೇ ತಪ್ಪಿಸಬಹುದು. ಗಮನಿಸಬೇಕಾದದ್ದು, ಇವೆಲ್ಲ ನಡೆಯುವುದು ಬಟ್ಟೆ ಮಾಡುವವರ ಮೇಜಿನ ಮೇಲೆ. ಕೊಂಡವರಿಗೆ ಉಳಿಯುವುದು ಆಯ್ಕೆಯೊಂದೇ.

2. ನಿಯಮ ಹುಟ್ಟಿದ ಕಾಲ

1850ರ ದಶಕದ ಯೂರೋಪಿನಲ್ಲಿ ಉಕ್ಕಿನ ಬಳೆಗಳ ಕ್ರಿನೊಲಿನ್ ಲಂಗ ಸೊಂಟದಿಂದ ಕೆಳಕ್ಕೆ ದೇಹವನ್ನೇ ಮರೆಮಾಡಿತ್ತು. ಅಲ್ಲಿ ಇಂಥ ಗೆರೆಯ ಪ್ರಶ್ನೆಯೇ ಏಳದು. ಪ್ರಶ್ನೆ ಎದ್ದದ್ದು ಬಟ್ಟೆ ಮೈಗೆ ಹತ್ತಿರ ಬಂದಾಗ. ಪ್ಯಾರಿಸ್ಸಿನ ಮದ್ಲೆನ್ ವಿಯೊನೆ 1920ರ ದಶಕದಲ್ಲಿ ಬಟ್ಟೆಯನ್ನು ನೇಯ್ಗೆಗೆ ಓರೆಯಾಗಿ ಕತ್ತರಿಸಿ ಹೊಲಿಯುವ ಕಲೆಯನ್ನು ಪಳಗಿಸಿದಳು. ಓರೆಕಟ್ಟಿನ ಬಟ್ಟೆಗೆ ಎಳೆತದ ಗುಣ ಬರುತ್ತದೆ, ಅದು ಮೈಯ ಇಳುಕಲನ್ನು ಅನುಸರಿಸುತ್ತದೆ. 1930ರ ದಶಕದ ಸ್ಯಾಟಿನ್ ಗೌನುಗಳು ಒಳಗಿನ ಅಂಚುಗಳನ್ನು ಬಯಲಿಗೆಳೆದದ್ದು ಈ ಕಾರಣಕ್ಕೆ. ಆದರೆ ಅವು ಸಂಜೆಯ ಕೂಟಗಳಲ್ಲಿ ಉಳ್ಳವರು ತೊಡುತ್ತಿದ್ದ ಉಡುಪು. ಸಮಸ್ಯೆ ಆ ವಲಯವನ್ನು ದಾಟಲಿಲ್ಲ.

ಅದನ್ನು ಎಲ್ಲರ ಮನೆಗೆ ತಂದದ್ದು ರಸಾಯನಶಾಸ್ತ್ರ. ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕೆರೊದರ್ಸ್ 1935ರಲ್ಲಿ ನೈಲಾನನ್ನು ರೂಪಿಸಿದ. ಅದೇ ಕಂಪನಿಯ ಜೋಸೆಫ್ ಶಿವರ್ಸ್ 1958ರಲ್ಲಿ ಸ್ಪ್ಯಾಂಡೆಕ್ಸ್ ನೂಲನ್ನು ಸಿದ್ಧಪಡಿಸಿದ. ಅದು ಲೈಕ್ರಾ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ತನ್ನ ಉದ್ದದ ಐದಾರು ಪಟ್ಟು ಹಿಗ್ಗಿ ಮತ್ತೆ ಮೊದಲಿನಂತಾಗುವ ಈ ನೂಲು ಮೈಗಂಟುವ ದಿನಬಳಕೆಯ ಉಡುಪನ್ನು ಸಾಧ್ಯವಾಗಿಸಿತು. 1959ರಲ್ಲಿ ಗ್ಲೆನ್ ರೇವನ್ ಮಿಲ್ಸ್ ಕಾಲುಚೀಲವನ್ನೂ ಒಳಚಡ್ಡಿಯನ್ನೂ ಒಂದಾಗಿಸಿದ ಪ್ಯಾಂಟಿಹೋಸನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಣಿಗೆಯ ಪಾಲಿಯೆಸ್ಟರ್ ಪ್ಯಾಂಟು ಅಮೆರಿಕದ ಹೆಂಗಸರ ನಿತ್ಯದ ಉಡುಪಾದ ಹೊತ್ತಿಗೆ ಗೆರೆ ಬೀದಿಬೀದಿಯಲ್ಲೂ ಕಾಣತೊಡಗಿತ್ತು.

ಕಾಣತೊಡಗಿದ್ದನ್ನು ಕೊರತೆಯಾಗಿ ಮಾಡಿದ್ದು ಜಾಹೀರಾತು. ಹೇನ್ಸ್ ಕಂಪನಿಯ ಅಂಡರ್‌ಆಲ್ಸ್, ಒಳಚಡ್ಡಿಯನ್ನು ತನ್ನಲ್ಲೇ ಹೆಣೆದುಕೊಂಡ ಪ್ಯಾಂಟಿಹೋಸು. 1970ರ ದಶಕದ ಅದರ ಜಾಹೀರಾತುಗಳು ಹೆಂಗಸರನ್ನು ಹಿಂದಿನಿಂದ ತೋರಿಸಿ, ಗೆರೆಯಿಲ್ಲದ ನುಣುಪನ್ನು ಮಾರಿದವು. ಒಳಗೆ ಏನನ್ನೂ ತೊಟ್ಟಿಲ್ಲವೆಂಬಂತೆ ಕಾಣುವುದೇ ಅಲ್ಲಿ ಕೊಟ್ಟ ಭರವಸೆ. 1977ರಲ್ಲಿ ತೆರೆಕಂಡ ವುಡಿ ಅಲೆನ್‌ನ ‘ಆನೀ ಹಾಲ್’ ಚಿತ್ರದಲ್ಲಿ ಈ ಗೆರೆ ಗಂಡಸರ ಮಾತಿನಲ್ಲಿ ನಗೆಯ ವಸ್ತುವಾಗಿ ಬರುತ್ತದೆ. 

3. ಮದ್ದು ತಂದ ಹೊಸ ಗೆರೆ

ಪರಿಹಾರಗಳ ಚರಿತ್ರೆಯೂ ನಿಯಮದ ಅಸ್ಥಿರತೆಯನ್ನೇ ತೋರಿಸುತ್ತದೆ. ವಿನ್ಯಾಸಕ ರೂಡಿ ಗೆರ್ನ್‌ರೈಕ್ 1974ರಲ್ಲಿ ಈಜುಡುಗೆಯಾಗಿ ತಂದ ಥಾಂಗ್, 1990ರ ದಶಕದಲ್ಲಿ ಒಳಉಡುಪಾಗಿ ವ್ಯಾಪಕವಾಯಿತು. ಹಿಂಬದಿಯ ಅಂಚನ್ನೇ ತೆಗೆದುಹಾಕಿದ್ದರಿಂದ ಅಲ್ಲಿ ಗೆರೆಯಿಲ್ಲ. ಆದರೆ ಪ್ಯಾಂಟಿನ ಸೊಂಟ ಕೆಳಗಿಳಿಯುವ ಫ್ಯಾಷನ್ ಅದೇ ಕಾಲಕ್ಕೆ ಬಂದದ್ದರಿಂದ ಥಾಂಗಿನ ಮೇಲ್ಪಟ್ಟಿ ಸೊಂಟದಲ್ಲಿ ಇಣುಕಿತು. ಒಂದು ಕಡೆ ಅಳಿಸಿದ ಗೆರೆ ಇನ್ನೊಂದು ಕಡೆ ಎದ್ದಿತು. ಗಂಡು ಹುಡುಗರ ಜಾರುಪ್ಯಾಂಟಿನಿಂದ ಒಳಚಡ್ಡಿ ಕಾಣುವುದು ಅಮೆರಿಕದಲ್ಲಿ ಶಾಸನಸಭೆಯವರೆಗೂ ಹೋಯಿತು. 2005ರಲ್ಲಿ ವರ್ಜೀನಿಯಾದ ಕೆಳಮನೆ ಇದಕ್ಕೆ 50 ಡಾಲರ್ ದಂಡ ಹಾಕುವ ಮಸೂದೆಯನ್ನು ಅಂಗೀಕರಿಸಿತು. ಮೇಲ್ಮನೆಯಲ್ಲಿ ಅದು ಬಿದ್ದುಹೋಯಿತು.

ಇದೇ ಅವಧಿಯಲ್ಲಿ ಕಾಣುವ ಒಳಉಡುಪು ಹಿರಿಮೆಯ ಗುರುತೂ ಆಗಿತ್ತೆಂಬುದು ಮುಖ್ಯ. ಕ್ಯಾಲ್ವಿನ್ ಕ್ಲೈನ್ 1982ರಲ್ಲಿ ಗಂಡಸರ ಒಳಚಡ್ಡಿಯ ಸೊಂಟಪಟ್ಟಿಯ ಮೇಲೆ ತನ್ನ ಹೆಸರನ್ನು ಮೂಡಿಸಿ, ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಬೃಹತ್ ಫಲಕ ನಿಲ್ಲಿಸಿದ. ಪ್ಯಾಂಟಿನ ಮೇಲೆ ಆ ಪಟ್ಟಿ ಕಾಣುವಂತೆ ತೊಡುವುದೇ ಶೈಲಿಯಾಯಿತು. 1990ರ ಸಂಗೀತ ಪ್ರವಾಸದಲ್ಲಿ ಮಡೋನಾ ಜಾನ್ ಪಾಲ್ ಗೋತಿಯೆ ವಿನ್ಯಾಸದ ಕಾರ್ಸೆಟ್ಟನ್ನು ಹೊರಉಡುಪಾಗಿಯೇ ತೊಟ್ಟಳು. ಬೇಕೆಂದು ತೋರಿಸಿದರೆ ಶೈಲಿ, ತಾನಾಗಿ ಕಂಡರೆ ತಪ್ಪು ಎಂಬ ಭೇದ ಇಲ್ಲಿ ಸ್ಪಷ್ಟ. ಇವುಗಳಲ್ಲಿ ಗಂಡಸಿನ ಪಟ್ಟಿಯ ಮೇಲೆ ಕಂಪನಿಯ ಹೆಸರಿತ್ತು. ಅದು ಕಂಡಷ್ಟೂ ಕಂಪನಿಗೆ ಲಾಭ. ಹೆಂಗಸಿನ ಗೆರೆ ಮರೆಯಾದಷ್ಟೂ ಇನ್ನೊಂದು ಕಂಪನಿಗೆ ಲಾಭ.

ಎರಡನೆಯ ಲಾಭದ ಗಾತ್ರವನ್ನು ಸ್ಪ್ಯಾಂಕ್ಸ್ ತೋರಿಸುತ್ತದೆ. ತಿಳಿಬಣ್ಣದ ಪ್ಯಾಂಟಿನೊಳಗೆ ತೊಡಲು ಒಪ್ಪುವಂಥದ್ದು ಸಿಗದೆ ಸಾರಾ ಬ್ಲೇಕ್ಲಿ ಪ್ಯಾಂಟಿಹೋಸಿನ ಪಾದದ ಭಾಗವನ್ನು ಕತ್ತರಿಸಿ ತೊಟ್ಟಳು. ತನ್ನ ಉಳಿತಾಯದ 5,000 ಡಾಲರ್ ಹೂಡಿ 2000ದಲ್ಲಿ ಕಂಪನಿ ಶುರುಮಾಡಿದಳು. 2021ರಲ್ಲಿ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್ ಅದರ ಬಹುಪಾಲನ್ನು ಕೊಂಡಾಗ ಕಂಪನಿಗೆ ಕಟ್ಟಿದ ಬೆಲೆ 120 ಕೋಟಿ ಡಾಲರ್.

4. ಸಭ್ಯತೆಯ ವಾದ ನಿಲ್ಲುತ್ತದೆಯೇ?

ಒಳಗಿರಬೇಕಾದದ್ದು ಹೊರಗೆ ತೋರಬಾರದು, ಆದ್ದರಿಂದ ಗೆರೆ ಅಸಭ್ಯ ಎಂದು ನಿಯಮದ ಪರವಾಗಿ ಹೇಳಬಹುದು. ಆದರೆ ಗೆರೆ ನೋಡುವವರಿಗೆ ತಿಳಿಸುವುದೇನು? ಉಟ್ಟವರು ಎರಡು ಪದರ ತೊಟ್ಟಿದ್ದಾರೆ ಎಂಬುದನ್ನು. ಅದನ್ನು ಅಳಿಸಿದ ನುಣುಪು, ಅಂಡರ್‌ಆಲ್ಸ್ ತಾನೇ ಸಾರಿದಂತೆ, ಒಳಗೇನೂ ಇಲ್ಲವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಸಭ್ಯತೆಯೇ ಅಳತೆಗೋಲಾಗಿದ್ದರೆ ಗೆರೆಯನ್ನು ಮೆಚ್ಚಬೇಕಿತ್ತು. ಉಡುಪಿನಲ್ಲಿ ಮುಚ್ಚುವ ಆಸೆಯೂ ಮೆರೆಸುವ ಆಸೆಯೂ ಒಟ್ಟಿಗೆ ಕೆಲಸಮಾಡುತ್ತವೆ ಎಂದು ಮನಶ್ಶಾಸ್ತ್ರಜ್ಞ ಜೆ. ಸಿ. ಫ್ಲೂಗೆಲ್ 1930ರಲ್ಲಿ ಪ್ರಕಟಿಸಿದ ‘ದಿ ಸೈಕಾಲಜಿ ಆಫ್ ಕ್ಲೋದ್ಸ್’ ಕೃತಿಯಲ್ಲಿ ವಾದಿಸಿದ್ದ. ಗೆರೆಯ ನಿಯಮ ಮುಚ್ಚುವ ಮಾತಾಡುತ್ತಲೇ ಮೆರೆಸುವ ಕೆಲಸ ಮಾಡುತ್ತದೆ.

ಭಾರತೀಯ ಶಿಲ್ಪದಲ್ಲಿ ಇದಕ್ಕೆ ತದ್ವಿರುದ್ಧವಾದ ಓದು ಸಿಗುತ್ತದೆ. 5ನೇ ಶತಮಾನದ ಸಾರನಾಥದ ಬುದ್ಧಮೂರ್ತಿಗಳಲ್ಲಿ ಚೀವರಕ್ಕೆ ಮಡಿಕೆಗಳಿಲ್ಲ. ಕೊರಳು, ಮಣಿಕಟ್ಟು, ಕಾಲಿನ ಬಳಿ ಕೊರೆದ ಅಂಚುಗಳಷ್ಟೇ ಅಲ್ಲಿ ವಸ್ತ್ರವಿದೆ ಎನ್ನುವುದಕ್ಕೆ ಸಾಕ್ಷಿ. ಅಂಚಿನ ಗೆರೆ ಅಲ್ಲಿ ಮೂರ್ತಿ ಉಟ್ಟಿದೆ ಎಂಬುದರ ಗುರುತು.

ಕನ್ನಡನಾಡಿನ ನಿತ್ಯದ ಉಡುಗೆಯಲ್ಲೂ ಎರಡು ಅಳತೆಗಳಿವೆ. ತೆಳುವಾದ ಬಿಳಿ ಅಂಗಿಯೊಳಗಿನ ಬನಿಯನ್ನಿನ ತೋಳು, ಕೊರಳಿನ ಅಂಚುಗಳು ದೂರದಿಂದಲೇ ಕಾಣುತ್ತವೆ. ಯಾರೂ ಅದನ್ನು ತಪ್ಪೆನ್ನುವುದಿಲ್ಲ. ಬನಿಯನ್ ಇಲ್ಲದೆ ಅಂಗಿ ತೊಟ್ಟರೆ ಅದು ಅಷ್ಟು ಸಭ್ಯವಲ್ಲವೆನ್ನುವ ಹಿರಿಯರು ಇಂದಿಗೂ ಇದ್ದಾರೆ. ಹೆಂಗಸರ ಪಾಲಿಗೆ ಹಾಗಲ್ಲ. ಬ್ರಾ ಪಟ್ಟಿ ಹೊರಗಿಣುಕಿದರೆ ಪಕ್ಕದವಳು ಕಣ್ಸನ್ನೆಯಲ್ಲಿ ತಿಳಿಸುತ್ತಾಳೆ. ಅದು ಜಾರದಿರಲೆಂದು ರವಿಕೆಯ ಹೆಗಲಿನೊಳಗೆ ಟಿಚ್ ಬಟನ್ನಿನ ಪುಟ್ಟ ಪಟ್ಟಿ ಹೊಲಿಸಿಕೊಳ್ಳುವುದುಂಟು. ನೆರಿಗೆ ಹಿಡಿದು, ಲಾಡಿ ಕಟ್ಟಿದ ಒಳಲಂಗದ ಮೇಲೆ ಉಡುವ ಸೀರೆಯಲ್ಲಿ ಒಳಚಡ್ಡಿಯ ಗೆರೆ ಕಾಣುವ ಪ್ರಮೇಯ ಕಡಿಮೆ. ಇಳಕಲ್ ಸೀರೆಯ ದಪ್ಪ ನೇಯ್ಗೆಯಲ್ಲಂತೂ ಇಲ್ಲವೇ ಇಲ್ಲ. ಜಾರ್ಜೆಟ್, ಶಿಫಾನ್‌ಗಳು ಬಂದಮೇಲೆ ಲಾಡಿಯ ಗಂಟು, ಒಳಲಂಗದ ಘೇರು ಕಾಣುವುದೂ ಕೊರತೆಯೆನಿಸಿ, ಮೈಗಂಟುವ ಹೆಣಿಗೆಯ ‘ಸೀರೆ ಶೇಪ್‌ವೇರ್’ ಅಂಗಡಿಗೆ ಬಂದಿದೆ. ಅಮೆರಿಕದಲ್ಲಿ ಆದದ್ದೂ ಇದೇ ಕ್ರಮದಲ್ಲಿ: ಮೊದಲು ಬಟ್ಟೆ ತೆಳುವಾಯಿತು, ಆಮೇಲೆ ಗೆರೆ ಕಂಡಿತು, ಕೊನೆಗೆ ಮದ್ದು ಮಾರಾಟಕ್ಕೆ ಬಂತು.

5. ಹೊಣೆ ಯಾರದು?

ಹೊಣೆ ಹೇಗೆ ಕೈಬದಲಾಯಿಸುತ್ತದೆ ಎಂಬುದಕ್ಕೆ ಲುಲುಲೆಮನ್ ಪ್ರಕರಣಕ್ಕಿಂತ ನಿಚ್ಚಳ ನಿದರ್ಶನ ಸಿಗುವುದು ಕಷ್ಟ. ಕೆನಡಾದ ಈ ಕಂಪನಿ 2013ರ ಮಾರ್ಚಿನಲ್ಲಿ ತನ್ನ ಕಪ್ಪು ಯೋಗ ಪ್ಯಾಂಟುಗಳು ಬಾಗಿದಾಗ ಒಳಗಿನದು ಕಾಣುವಷ್ಟು ತೆಳುವಾಗಿವೆ ಎಂದು ಒಪ್ಪಿ ಅವನ್ನು ಅಂಗಡಿಗಳಿಂದ ಹಿಂತೆಗೆದುಕೊಂಡಿತು. ಅದು ಅಂಗಡಿಯಲ್ಲಿದ್ದ ಹೆಂಗಸರ ಪ್ಯಾಂಟುಗಳ ಸುಮಾರು 17 ಪ್ರತಿಶತ. ಬಟ್ಟೆಯ ಲೋಪವೆಂದು ಕಂಪನಿಯೇ ಒಪ್ಪಿದ್ದ ವರ್ಷದಲ್ಲೇ, ನವೆಂಬರ್ ತಿಂಗಳಲ್ಲಿ, ಸ್ಥಾಪಕ ಚಿಪ್ ವಿಲ್ಸನ್ ದೂರದರ್ಶನ ಸಂದರ್ಶನದಲ್ಲಿ ಕೆಲವು ಹೆಂಗಸರ ಮೈಗೆ ಆ ಪ್ಯಾಂಟು ಒಗ್ಗುವುದಿಲ್ಲ ಎಂಬರ್ಥದ ಮಾತಾಡಿದ. ಟೀಕೆ ಎದ್ದು ಆತ ಕ್ಷಮೆ ಕೇಳಿದ; ಡಿಸೆಂಬರಿನಲ್ಲಿ ಅಧ್ಯಕ್ಷ ಸ್ಥಾನ ಬಿಡುವುದಾಗಿ ಪ್ರಕಟವಾಯಿತು. ಮಾರ್ಚಿನಲ್ಲಿ ನೂಲಿನಲ್ಲಿದ್ದ ದೋಷ ನವೆಂಬರಿನಲ್ಲಿ ತೊಡೆಗೆ ದಾಟಿತ್ತು.

ವಿಂಬಲ್ಡನ್ ಟೆನಿಸ್ ಪಂದ್ಯಾವಳಿಯ ಕತೆಯಲ್ಲಿ ಇದೇ ಹೊಣೆ ನಿಯಮದ ರೂಪ ತಾಳುತ್ತದೆ. 1949ರಲ್ಲಿ ಆಟಗಾರ್ತಿ ಗಸಿ ಮೊರಾನ್ ಟೆಡ್ ಟಿನ್‌ಲಿಂಗ್ ವಿನ್ಯಾಸಗೊಳಿಸಿದ ಲೇಸ್ ಅಂಚಿನ ಚಡ್ಡಿ ತೊಟ್ಟು ಆಡಿದಾಗ ಅಲ್ಲಿ ದೊಡ್ಡ ಗದ್ದಲವೇ ಎದ್ದಿತ್ತು. 2014ರಿಂದ ಬಿಗಿಗೊಂಡ ನಿಯಮದಂತೆ, ಬೆವರಿನಿಂದ ಕಾಣುವ ಒಳಉಡುಪೂ ಸೇರಿದಂತೆ ಎಲ್ಲವೂ ಅಚ್ಚಬಿಳಿಯಾಗಿರಬೇಕಾಯಿತು. ಬಿಳಿಯ ಒಳಉಡುಪಿನಲ್ಲಿ ಮುಟ್ಟಿನ ದಿನಗಳ ಆತಂಕವನ್ನು ಆಟಗಾರ್ತಿಯರು ಬಹಿರಂಗವಾಗಿ ಹೇಳಿಕೊಂಡ ಮೇಲೆ, 2023ರಿಂದ ಸ್ಕರ್ಟಿಗಿಂತ ಉದ್ದವಾಗದ ಗಾಢಬಣ್ಣದ ಒಳಚಡ್ಡಿಗೆ ಅನುಮತಿ ದೊರೆಯಿತು. ಕಾಣುವ ಒಳಉಡುಪಿನಿಂದ ಆಟಕ್ಕೆ ಕುಂದಿಲ್ಲವೆಂದು ಪಂದ್ಯಾವಳಿ ನಡೆಸುವ ಸಂಸ್ಥೆ ಒಪ್ಪಿದ್ದು, ನೋಡುವವರ ಕಣ್ಣಿಗಿಂತ ಆಡುವವರ ನಿರಾಳಕ್ಕೆ ಬೆಲೆ ಕೊಟ್ಟಾಗ.

6. ಒಂದು ಆಕ್ಷೇಪ, ಒಂದು ತೀರ್ಮಾನ

ನುಣುಪು ಕೂಡ ಒಂದು ಸೌಂದರ್ಯದ ಅಳತೆ, ಅದನ್ನು ಬಯಸುವುದರಲ್ಲಿ ತಪ್ಪೇನು ಎಂಬ ಆಕ್ಷೇಪ ನ್ಯಾಯವಾದದ್ದು. ನೃತ್ಯದ ಉಡುಪಿನಲ್ಲಿ, ಮದುವೆಯ ಸ್ಯಾಟಿನ್ ಗೌನಿನಲ್ಲಿ ಮುರಿಯದ ಮೇಲ್ಮೈಯೇ ಕಸುಬಿನ ಗುರಿ. ಅಂಗಿಯ ಹೆಗಲು ಸುಕ್ಕುಗಟ್ಟಿದರೆ ದರ್ಜಿಯನ್ನು ಕೇಳುವಂತೆ ಅಲ್ಲಿ ಗೆರೆ ಮೂಡಿದರೂ ದರ್ಜಿಯನ್ನೇ ಕೇಳಬೇಕು. ಸುಕ್ಕಿಗೆ ಯಾರೂ ತೊಟ್ಟವರ ಹೆಗಲನ್ನು ದೂರುವುದಿಲ್ಲ.

ಆದ್ದರಿಂದ ಒಳಉಡುಪಿನ ಗೆರೆ ಫ್ಯಾಷನ್ನಿನ ತಪ್ಪೇ ಎಂಬ ಪ್ರಶ್ನೆಗೆ ಉತ್ತರ ಉಡುಪಿನ ಉದ್ದೇಶವನ್ನು ಅವಲಂಬಿಸಿದೆ. ನುಣುಪನ್ನೇ ವಾಗ್ದಾನ ಮಾಡಿ ಬೆಲೆ ಪಡೆದ ಉಡುಪಿನಲ್ಲಿ ಅದು ತಯಾರಿಕೆಯ ಲೋಪ. ಕೆಲಸಕ್ಕೆ, ಆಟಕ್ಕೆ, ಬಸ್ಸು ಹತ್ತಲು ತೊಡುವ ಉಡುಪಿನಲ್ಲಿ ಅದು ಬಟ್ಟೆಯೊಳಗೆ ಬಟ್ಟೆಯಿದೆ ಎಂಬ ಮಾಹಿತಿ, ಅಷ್ಟೆ. ಉಡುಪಿನ ವಿಮರ್ಶೆ ಬರೆಯುವವರು ಇನ್ನುಮುಂದೆ ಗೆರೆಯನ್ನು ಹೆಸರಿಸುವಾಗ ಬಟ್ಟೆಯ ತೂಕ, ಲೈನಿಂಗ್, ಅಂಚಿನ ಹೊಲಿಗೆಗಳನ್ನು ಮೊದಲು ಹೆಸರಿಸಲಿ. ಅವಷ್ಟನ್ನೂ ಹೇಳಿ ಮುಗಿಸಿದ ಮೇಲೆ ಉಟ್ಟವರ ಬಗ್ಗೆ ಹೇಳಲು ಹೆಚ್ಚೇನೂ ಉಳಿದಿರುವುದಿಲ್ಲ.